ಆರು ಮಳೆಗಾಲ ಕಂಡ ಮನೆ ನೀರಿನ ಮೀಟರ್: ಮೀಟರ್ ಗಟ್ಟಿ, ಕೂರಿಸುವ ಜಾಗದ್ದೇ ತಕರಾರು

ಇದು 15 ಎಂಎಂ ಅಳತೆಯ, ಹಿತ್ತಾಳೆ ಮೈಯ, ಮಲ್ಟಿಜೆಟ್ ಮಾದರಿಯ (ಹಲವು ತೂತಿನಿಂದ ನೀರು ಹೊಕ್ಕು ಒಳಗಿನ ರೆಕ್ಕೆಚಕ್ರ ತಿರುಗಿಸುವ), ನಿಖರತೆಯಲ್ಲಿ ಕ್ಲಾಸ್ ಬಿ ದರ್ಜೆಯ ನೀರಿನ ಮೀಟರಿನ ವಿಮರ್ಶೆ. ಜಲಜೀವನ ಮಿಷನ್ ನಳದ ಜೊತೆ ಹಳ್ಳಿಮನೆಗಳಿಗೆ ಬಂದದ್ದೂ, ಕಾರವಾರ, ಶಿರಸಿ, ಕುಮಟೆಯಂಥ ಪಟ್ಟಣಗಳಲ್ಲಿ ಹೊಸ ನಳ ಜೋಡಣೆಗೆ ಪ್ಲಂಬರ್ ಅಂಗಡಿಯಿಂದ ತರಿಸುವುದೂ ಹೆಚ್ಚುಕಡಿಮೆ ಇದೇ ಜಾತಿ. ಮುಖದ ಮೇಲೆ ಐಎಸ್ 779 (ಮನೆ ನೀರಿನ ಮೀಟರಿನ ಭಾರತೀಯ ಮಾನಕ) ಎಂದಿರುವ ಐಎಸ್‌ಐ ಗುರುತು, ಹೊಟ್ಟೆಯ ಮೇಲೆ ನೀರು ಹರಿಯುವ ದಿಕ್ಕಿನ ಬಾಣ ಇದ್ದರೆ ಯಾವ ಕಂಪನಿಯದಾದರೂ ಒಳಗಿನ ಕೆಲಸ ಒಂದೇ. ಹಾಗಾಗಿ ಇಲ್ಲಿ ಕಂಪನಿಯ ಮಾತಿಲ್ಲ, ಮಾದರಿಯ ಮಾತು.

ಮೀಟರ್ ಒಳ್ಳೆಯದು. ತೆಗೆದುಕೊಳ್ಳಬಹುದು. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದರ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಮೀಟರಿನ ಒಳಗಿನವಲ್ಲ. ಅದನ್ನು ಎಲ್ಲಿ ಕೂರಿಸಬೇಕು, ಎಷ್ಟು ಎತ್ತರದಲ್ಲಿ ಕೂರಿಸಬೇಕು, ಮುಂದಿನ ರಸ್ತೆ ಯಾವ ಮಟ್ಟಕ್ಕೆ ಬರುತ್ತದೆ ಎಂಬುದನ್ನು ಪಂಚಾಯಿತಿಯೋ ನಗರಸಭೆಯೋ ಒಟ್ಟಿಗೆ ಕೂತು ಠರಾವು ಮಾಡದೇ ಇದ್ದುದರ ಫಲ ಅವು. ಮೀಟರಿನ ಕಾಮಗಾರಿ ಒಂದು ಟೆಂಡರ್, ಕಾಂಕ್ರೀಟ್ ರಸ್ತೆ ಇನ್ನೊಂದು ಟೆಂಡರ್, ಗಟಾರ ಮೂರನೆಯದು. ಮೂರೂ ಬಂದು ಸೇರುವುದು ನಿಮ್ಮ ಪಾಗಾರದ (ಕಾಂಪೌಂಡ್ ಗೋಡೆಯ) ಬುಡದಲ್ಲಿ.

ಮೊದಲು ಲೆಕ್ಕದ ನಿಖರತೆ. ಈ ಅಳತೆಯ ಕ್ಲಾಸ್ ಬಿ ಮೀಟರಿಗೆ ಮಾಮೂಲಿ ಹರಿವು ಗಂಟೆಗೆ 1500 ಲೀಟರ್. ಗಂಟೆಗೆ 120 ಲೀಟರಿನಿಂದ ಮೇಲೆ ತಪ್ಪು ಶೇ 2ರ ಒಳಗಿರಬೇಕು, 30ರಿಂದ 120ರ ನಡುವೆ ಶೇ 5ರ ತನಕ ಮಾಫಿ. 30ಕ್ಕಿಂತ ಕೆಳಗೆ ಅದು ಏನು ತೋರಿಸಿದರೂ ಯಾರೂ ಹೊಣೆಯಲ್ಲ. ಮನೆಯ ಭಾಷೆಯಲ್ಲಿ ಹೇಳುವುದಾದರೆ, 20 ಲೀಟರಿನ ಪೇಂಟ್ ಬಕೆಟ್ 1 ನಿಮಿಷಕ್ಕೆ ತುಂಬಿದರೆ ಗಂಟೆಗೆ 1200 ಲೀಟರ್, ಬಹಳ ಒಳ್ಳೆಯ ಹರಿವು. 10 ನಿಮಿಷಕ್ಕೆ ತುಂಬಿದರೆ 120, ಅಲ್ಲಿಗೆ ನಿಖರತೆಯ ಗಡಿ. 40 ನಿಮಿಷ ಹಿಡಿದರೆ 30, ಅದರಾಚೆ ಲೆಕ್ಕವೇ ಇಲ್ಲ. ಗುಡ್ಡದ ಮೇಲಿನ ಮನೆಗಳಲ್ಲಿ ಮೇ ತಿಂಗಳಲ್ಲಿ ನೂಲಿನಂತೆ ಬೀಳುವ ನೀರನ್ನು ಮೀಟರ್ ಕಡಿಮೆಯೇ ತೋರಿಸುತ್ತದೆ. ಟ್ಯಾಂಕ್ ತುಂಬುತ್ತ ಬಂದಂತೆ ಫ್ಲೋಟ್ ವಾಲ್ವ್ ಬಾಯಿ ಮುಚ್ಚಿಕೊಳ್ಳುವಾಗಲೂ ಹೀಗೇ ಆಗುತ್ತದೆ. ಅಂದರೆ ಹರಿವು ಕಡಿಮೆಯಾದಾಗ ನಷ್ಟ ಪಂಚಾಯಿತಿಗೆ, ಮನೆಯವರಿಗಲ್ಲ.

ಬಿಲ್ಲಿನ ಮೇಲೆ ಅನುಮಾನ ಬಂದರೆ ಪರೀಕ್ಷೆ ಸುಲಭ. ಮನೆಯ ಎಲ್ಲ ನಳ ಮುಚ್ಚಿ, ಟ್ಯಾಂಕಿನ ಫ್ಲೋಟ್ ಕಟ್ಟಿಹಾಕಿ, ಮುಖದ ನಡುವಿನ ಪುಟ್ಟ ನಕ್ಷತ್ರಚಕ್ರ ನೋಡಿ. ತಿರುಗುತ್ತಿದ್ದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ತಿರುಗದಿದ್ದರೆ ಸೋರಿಕೆಯೇ ಇಲ್ಲ ಎಂದುಕೊಳ್ಳಬೇಡಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ಹೆಚ್ಚೆಂದರೆ 20 ಲೀಟರ್, ಅದು ಚಕ್ರವನ್ನು ಅಲುಗಿಸಲೂ ಸಾಲದು. ಆಮೇಲೆ ಬಕೆಟ್ ಪರೀಕ್ಷೆ: ಕೆಂಪು ಮುಳ್ಳಿನ ಲೆಕ್ಕ ಬರೆದುಕೊಂಡು, ಒಂದೇ ನಳದಿಂದ ಪೂರ್ತಿ ಹರಿವಿನಲ್ಲಿ 20 ಲೀಟರಿನ 5 ಬಕೆಟ್ ತುಂಬಿಸಿ. ಬಕೆಟ್ಟಿನ ಗೀಟನ್ನು ಮೊದಲೇ ಒಂದು ಲೀಟರಿನ ಬಾಟಲಿಯಿಂದ ಅಳೆದು ಹಾಕಿಕೊಂಡಿರಬೇಕು. ಮೀಟರ್ 96ರಿಂದ 104ರ ಒಳಗೆ ತೋರಿಸಿದರೆ ತಕರಾರು ಬೇಡ. 110 ಬಂತೆಂದರೆ ಬರಹದಲ್ಲಿ ಅರ್ಜಿ ಕೊಟ್ಟು ಪರೀಕ್ಷೆ ಕೇಳಿ.

ಯೂನಿಟ್ ಎಂದರೆ 1 ಕಿಲೋಲೀಟರ್, 1000 ಲೀಟರ್. ಕಪ್ಪು ಅಂಕಿ ಯೂನಿಟ್, ಕೆಂಪಿನವು ಅದರ ಕೆಳಗಿನ ಲೀಟರ್. ಜಲಜೀವನ ಮಿಷನ್‌ನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 5 ಜನರ ಮನೆಗೆ ದಿನಕ್ಕೆ 275, ತಿಂಗಳಿಗೆ 8 ಯೂನಿಟ್ ಚಿಲ್ಲರೆ. ಬಾವಿಯೂ ಇರುವ ಮನೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಬಂದರೆ ಮೊದಲು ಸೋರಿಕೆ ಹುಡುಕಿ.

ಮೀಟರಿನ ನಿಜವಾದ ದೌರ್ಬಲ್ಯ ಮುಖದ ಗಾಜು. ಒಣ ಡಯಲ್‌ನಲ್ಲಿ ಹಲ್ಲುಚಕ್ರಗಳು ನೀರಿಗೆ ತಾಗುವುದಿಲ್ಲ, ಕೆಳಗಿನ ಪಂಕದ (ರೆಕ್ಕೆಚಕ್ರದ) ತಿರುಗಾಟವನ್ನು ಅಯಸ್ಕಾಂತ ಮೇಲಕ್ಕೆ ಒಯ್ಯುತ್ತದೆ. ಒಳ್ಳೆಯ ಏರ್ಪಾಡು. ಆದರೆ ನೆಲಮಟ್ಟದ ಗುಂಡಿಯಲ್ಲಿ ಕೂತ ಮೀಟರ್ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿನಲ್ಲೇ ಮುಳುಗಿರುತ್ತದೆ. ಆಗಸ್ಟ್‌ನಲ್ಲಿ ಮುಚ್ಚಳ ಎತ್ತಿದರೆ ಗಾಜಿನ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳು ಸಾಲಾಗಿ ಕೂತಿರುತ್ತವೆ. ಅವುಗಳ ಹಿಂದಿನ ಅಂಕಿ 3 ಹೌದೋ 8 ಹೌದೋ ತಿಳಿಯುವುದಿಲ್ಲ. ಕೊನೆಯ ಕಪ್ಪು ಅಂಕಿಯಲ್ಲಿ ಹೀಗಾದರೆ 5 ಯೂನಿಟ್ ವ್ಯತ್ಯಾಸ. ಬಟ್ಟೆಯಿಂದ ಒರೆಸಿ ಉಪಯೋಗವಿಲ್ಲ, ಹನಿ ಒಳಗಿದೆ. ಓದುವವರು ಹಿಂದಿನ ತಿಂಗಳುಗಳ ಸರಾಸರಿ ಬರೆದು ಹೋಗುತ್ತಾರೆ, ಜಗಳ ಅಲ್ಲಿಂದ ಶುರು. ಇದಕ್ಕೆ ಮದ್ದು ತಾಮ್ರದ ಡಬ್ಬಿಯಲ್ಲಿ ಗಾಜು ಸೇರಿಸಿ ಪೂರ್ತಿ ಮುಚ್ಚಿದ, ಐಪಿ 68 (ಮುಳುಗಿದರೂ ಒಳಗೆ ನೀರು ಹೋಗದು ಎಂಬ ಗುರುತು) ಎಂದು ಬರೆದ ಡಯಲ್. ಬೆಲೆ ಹೆಚ್ಚು, ಆದರೆ ಕರಾವಳಿಗೂ ಘಟ್ಟದ ಮೇಲಿಗೂ ಅದೊಂದೇ ತಕ್ಕದ್ದು. ಪಂಚಾಯಿತಿ ಸಗಟಾಗಿ ಮೀಟರ್ ಕೊಳ್ಳುವಾಗ ಅಂದಾಜು ಪಟ್ಟಿಯಲ್ಲಿ ಈ ಒಂದು ಸಾಲು ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಲೇಬೇಕು.

ಎರಡನೆಯ ದೂರು ಗಾಳಿ. ಕಾರವಾರಕ್ಕೆ ನೀರು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಿಂದ, ಗಂಗಾವಳಿ ನದಿಯಿಂದ ಬರಬೇಕು. ಶಿರಸಿಗೆ ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನೀರು ಬಿಡುವ ಹೊತ್ತು ಕಡಿಮೆಯಾಗುತ್ತದೆ, ನಡುವೆ ಬೀದಿಯ ಪೈಪ್ ಖಾಲಿಯಾಗುತ್ತದೆ. ಮತ್ತೆ ನೀರು ಬಿಟ್ಟಾಗ ಒಳಗಿದ್ದ ಗಾಳಿ ಮನೆಗಳ ಮೀಟರ್ ಮೂಲಕವೇ ಹೊರಗೆ ಹೋಗುತ್ತದೆ, ಪಂಕಕ್ಕೆ ನೀರೂ ಒಂದೇ ಗಾಳಿಯೂ ಒಂದೇ. ಎಷ್ಟು ಗಾಳಿ? ನಿಮ್ಮ ಮನೆಯ ಅರ್ಧ ಇಂಚಿನ ಪೈಪ್ 30 ಮೀಟರ್ ಇದ್ದರೂ ಅದರಲ್ಲಿ ಹಿಡಿಯುವುದು 5 ಲೀಟರ್ ಮಾತ್ರ, ಅದು ಲೆಕ್ಕಕ್ಕಿಲ್ಲ. ಬೀದಿಯ ಪೈಪ್ ಬೇರೆ. ಒಳವ್ಯಾಸ 80 ಎಂಎಂ ಇದ್ದರೆ ಒಂದು ಮೀಟರ್ ಉದ್ದಕ್ಕೆ 5 ಲೀಟರ್, 400 ಮೀಟರ್ ಉದ್ದಕ್ಕೆ 2000 ಲೀಟರ್. ಅದು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಗಾಳಿ ಮೇಲಕ್ಕೇರುವುದರಿಂದ ಏರಿನ ತುದಿಯ ಮನೆಗಳ ಪಾಲಿಗೇ ಹೆಚ್ಚು ಬೀಳುತ್ತದೆ. ಅವರು ನೀರು ಕಡಿಮೆ ಬಂದರೂ ಬಿಲ್ ಹೆಚ್ಚು ಎನ್ನುವುದು ಸುಳ್ಳಲ್ಲ. ಇದಕ್ಕೆ ಮನೆಯಲ್ಲಿ ಪೂರ್ತಿ ಪರಿಹಾರವಿಲ್ಲ. ಪೈಪ್‌ಲೈನಿನ ಎತ್ತರದ ತುದಿಯಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಹಾಕುವುದು, ನೀರುಗಂಟಿ ವಾಲ್ವನ್ನು ಒಮ್ಮೆಲೇ ಬಿಚ್ಚದೆ ನಿಧಾನ ತೆರೆಯುವುದು, ಇವೆರಡು ಸ್ಥಳೀಯ ಸಂಸ್ಥೆಯ ಕೆಲಸ. ಮನೆಯವರು ಮಾಡಬಹುದಾದದ್ದು ಬುಸ್‌ಬುಸ್ ಸದ್ದು ನಿಂತ ಮೇಲೆಯೇ ನಳ ತಿರುಗಿಸುವುದು. ಲೈನಿಗೆ ನೇರ ಮೋಟರ್ ಹಚ್ಚುವುದಂತೂ ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಒಡೆದ ಪೈಪಿನಿಂದ ಗಟಾರದ ನೀರನ್ನೂ ಗಾಳಿಯನ್ನೂ ಎಳೆದು ನಿಮ್ಮದೇ ಮೀಟರಿನಲ್ಲಿ ಓಡಿಸುತ್ತದೆ.

ಜಾಲರಿಯ ಕತೆ ಬೇರೆ. ನೀರು ಒಳಬರುವ ಬಾಯಲ್ಲಿ ಹೆಬ್ಬೆರಳಿನ ತುದಿಯಷ್ಟು ಪುಟ್ಟ ಜಾಲರಿ ಇರುತ್ತದೆ. ಮೊದಲ ಸಲ ಬಿಚ್ಚಿದಾಗ ಅದರಲ್ಲಿ ಸಿಗುವುದು ಚಿರೇಕಲ್ಲಿನ ಕೆಂಪು ಮರಳು ಮತ್ತು ಸುರುಳಿ ಸುರುಳಿಯಾದ ಕಪ್ಪು ಪ್ಲಾಸ್ಟಿಕ್ ಚೂರುಗಳು, ಪೆನ್ಸಿಲ್ ಹೆರೆದಾಗ ಬೀಳುವಂಥವು. ನಳ ಜೋಡಿಸಲು ಬೀದಿಯ ಎಚ್‌ಡಿಪಿಇ (ಕಪ್ಪು ಪ್ಲಾಸ್ಟಿಕ್) ಪೈಪಿಗೆ ತೂತು ಕೊರೆದವರು ಚೂರನ್ನು ತೆಗೆಯದೆ ಸ್ಯಾಡಲ್ (ಪೈಪಿನ ಸುತ್ತ ಕೂರುವ ಜೋಡಣೆ ಪಟ್ಟಿ) ಬಿಗಿದಿದ್ದಾರೆ ಎಂದು ಅರ್ಥ. ಹರಿವು ದಿಢೀರ್ ಕಡಿಮೆಯಾಗಿ ಪಕ್ಕದ ಮನೆಯಲ್ಲಿ ಸರಿಯಿದ್ದರೆ ಜಾಲರಿಯನ್ನೇ ಅನುಮಾನಿಸಿ. ಸೀಲ್ ಇದ್ದರೆ ನೀವೇ ಒಡೆಯಬಾರದು, ನೀರುಗಂಟಿಯವರನ್ನು ಕರೆಯಿರಿ. ಕಾಕ್ ಮುಚ್ಚಿ, ಎರಡೂ ಕಡೆಯ ನಟ್ಟು ಸಡಿಲಿಸಿ, ಮೀಟರ್ ಹೊರತೆಗೆದು, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಮತ್ತೆ ಕೂರಿಸಿದರಾಯಿತು. ಬಾಣ ತಿರುಗಾಮುರುಗಾ ಆಗದಂತೆ ನೋಡಿ.

ಕೂರಿಸುವಾಗ ಆಗುವ ತಪ್ಪು ಹಲವು. ಮೀಟರಿನ ಮೈಮೇಲಿನ ಮರೆ (ತಿರುಪಿನ ಗೀರು) ಮುಕ್ಕಾಲು ಇಂಚಿನದು, ಜೊತೆಗೆ ಬರುವ ನಿಪ್ಪಲ್ ಅರ್ಧ ಇಂಚಿನದು. ನಿಪ್ಪಲ್-ನಟ್ಟಿನ ಜೋಡಿಯನ್ನು ಬಿಸಾಡಿ ಮುಕ್ಕಾಲಿನ ಫಿಟ್ಟಿಂಗ್ ನೇರ ಬಿಗಿದರೆ ಮುಂದೆ ಪೈಪ್ ಕತ್ತರಿಸದೆ ಮೀಟರ್ ಹೊರಬರುವುದಿಲ್ಲ. ನಟ್ಟಿನ ಮರೆಗೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಟೇಪ್ ಬೇಕಾಗುವುದು ನಿಪ್ಪಲ್ ಪೈಪಿಗೆ ಸೇರುವ ಕಡೆ. ಹಿತ್ತಾಳೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತಾಗಿಸಿದರೆ ಕಡಲ ಗಾಳಿಯಲ್ಲಿ ಜಿಐ ಬೇಗ ತುಕ್ಕು ಹಿಡಿದು ಮರೆಯಲ್ಲೇ ಮುರಿಯುತ್ತದೆ. ಮೀಟರ್ ಅಡ್ಡ ಮಲಗಿರಬೇಕು, ಮುಖ ಆಕಾಶಕ್ಕೆ. ಅದರಿಂದ ಹೊರಟ ಪೈಪ್ ಒಂದಡಿ ಮೇಲೇರಿ ಹೋಗಲಿ, ಈಚೆ ನೀರು ಹಿಂದಕ್ಕೆ ಹರಿಯದಂತೆ ಒಂದು ನಾನ್ ರಿಟರ್ನ್ ವಾಲ್ವ್ ಇರಲಿ. ಬದಲಿಸುವಾಗ ಉದ್ದವನ್ನೂ ನೋಡಿ: 165 ಎಂಎಂನದು ಇದ್ದಲ್ಲಿ 190ರದು ಕೂರುವುದಿಲ್ಲ.

ಜಾಗದ ವಿಚಾರಕ್ಕೆ ಬಂದರೆ, ಗುಂಡಿ ಬೇಡ. ಪಾಗಾರದ ಒಳಮೈಗೆ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಗೇಟಿನ ಪಕ್ಕದಲ್ಲೇ ಹಾಕಿಸಿ. ಶಿರಸಿ-ಸಿದ್ದಾಪುರದ ಕಡೆ ಮನೆಗಳು ರಸ್ತೆಯಿಂದ ಬಹಳ ಒಳಗೆ, ತೋಟ ದಾಟಿ ಇರುತ್ತವೆ. ಅಲ್ಲಿ ಮೀಟರ್ ಮನೆಯ ಅಂಗಳದಲ್ಲಿದ್ದರೆ ನಡುವಿನ ಪೈಪಿನ ಸೋರಿಕೆ ಯಾರ ಲೆಕ್ಕಕ್ಕೂ ಬರುವುದಿಲ್ಲ, ಓದುವವರು ಮೂರು ತೋಟ ಹಾಯಬೇಕು. ದಣಪೆಯ (ತೋಟದ ಬೇಲಿಬಾಗಿಲಿನ) ಒಳಗೆ, ರಸ್ತೆಯಿಂದ ಕೈಗೆ ಸಿಗುವಲ್ಲಿ ಇರುವುದೇ ಸರಿ. ಈಚೆಯ ಪೈಪಿನ ಹೊಣೆ ಆಗ ಮನೆಯವರ ಮೇಲೆ ಬೀಳುತ್ತದೆ, ಅದು ನ್ಯಾಯವೇ.

ಇನ್ನು ರಸ್ತೆ. ಕಾಂಕ್ರೀಟ್ ಹಾಕುವಾಗ ಹಳೆಯ ರಸ್ತೆಯ ಮೇಲೇ 15ರಿಂದ 20 ಸೆಂ.ಮೀ. ಪದರ ಬೀಳುತ್ತದೆ. ಅಲ್ಲಿಗೆ ಅಂಗಳ ರಸ್ತೆಗಿಂತ ತಗ್ಗು, ಮಳೆನೀರು ಮೀಟರ್ ಗುಂಡಿಗೆ, ನಳ ಜೋಡಣೆಯ ಫೆರೂಲ್ (ಬೀದಿಯ ಪೈಪಿನಿಂದ ಮನೆಪೈಪ್ ಕವಲೊಡೆಯುವ ತುಂಡು) ಕಾಂಕ್ರೀಟಿನ ಕೆಳಗೆ. ಜೊತೆಗೆ ಚಿರೇಕಲ್ಲಿನ ನೆಲ ಅಗೆಯುವುದು ಕಷ್ಟವೆಂದು ಮನೆಪೈಪನ್ನು ಗೇಣುದ್ದದ ಆಳದಲ್ಲಿ, ಎಷ್ಟೋ ಕಡೆ ಗಟಾರದ ಒಳಗೇ ಎಳೆದಿರುತ್ತಾರೆ. ಮೇ ಕೊನೆಗೆ ಮಳೆಗಾಲದ ತಯಾರಿಗೆಂದು ಗಟಾರ ಬಿಡಿಸಲು ಬಂದ ಜೆಸಿಬಿ ಅದನ್ನು ಕಿತ್ತುಹಾಕುತ್ತದೆ. ವಾಹನ ಓಡುವ ಕಡೆ ಪೈಪಿನ ಮೇಲೆ ಸುಮಾರು ಒಂದು ಮೀಟರ್ ಮಣ್ಣಿರಬೇಕು. ರಸ್ತೆಯ ಆಚೆ ಬದಿಯ ಮನೆಗಳಿಗಾಗಿ ಕಾಂಕ್ರೀಟಿಗೆ ಮೊದಲೇ ಅಡ್ಡಲಾಗಿ 110 ಎಂಎಂ ಪಿವಿಸಿ ಖಾಲಿ ಪೈಪ್ ಹುಗಿದು ಎರಡೂ ತುದಿ ಮುಚ್ಚಿಟ್ಟರೆ ಮುಂದೆ ಹತ್ತು ವರ್ಷ ರಸ್ತೆ ಕಡಿಯುವ ಪ್ರಮೇಯವಿಲ್ಲ. ರಸ್ತೆಯ ಒಟ್ಟು ಖರ್ಚಿನಲ್ಲಿ ಅದು ಬಹಳ ಸಣ್ಣ ಬಾಬ್ತು, ಆದರೆ ಅಂದಾಜು ಪಟ್ಟಿ ತಯಾರಾಗುವ ಮೊದಲೇ ವಾರ್ಡ್ ಸಭೆಯಲ್ಲಿ ಕೇಳಿ ಬರೆಸಬೇಕು. ಕೆಲಸ ಶುರುವಾದ ಮೇಲೆ ಕೇಳಿದರೆ ಪಟ್ಟಿಯಲ್ಲಿಲ್ಲ ಎಂಬ ಉತ್ತರ ಬರುತ್ತದೆ.

ರಸ್ತೆ ಕಡಿಯಲೇಬೇಕಾದರೆ ಅದು ಯಾರದ್ದೆಂದು ಮೊದಲು ತಿಳಿದುಕೊಳ್ಳಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೂಲಕ ಹೋಗುವ 66 ಮತ್ತು ಕುಮಟಾ-ಶಿರಸಿಯ 766ಇ ರಾಷ್ಟ್ರೀಯ ಹೆದ್ದಾರಿಗಳು, ಅಲ್ಲಿ ನಗರಸಭೆಯ ಒಪ್ಪಿಗೆ ಸಾಲದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಒಳರಸ್ತೆ ಮಾತ್ರ ಪಂಚಾಯಿತಿಯದು. ಕೊಂಕಣ ರೈಲ್ವೆ ಹಳಿ ಅಡ್ಡ ಬಂದರೆ ಅವರ ಒಪ್ಪಿಗೆ ಪ್ರತ್ಯೇಕ. ನಮ್ಮ ಜಿಲ್ಲೆಯ ಹೆಚ್ಚಿನ ನೆಲ ಅರಣ್ಯ. ಕುಡಿಯುವ ನೀರಿನ ಪೈಪ್ ಮತ್ತು ರಸ್ತೆ ಅರಣ್ಯದಲ್ಲಿ ಹಾಯಬೇಕಾದಾಗ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಉಪಯೋಗಕ್ಕೆ ಬರುತ್ತದೆ. ಸರ್ಕಾರ ನಡೆಸುವ ಇಂಥ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇಬೇಕು. ಆ ಶಿಫಾರಸಿನ ಠರಾವು ಇಲ್ಲದೆ ನಿಂತುಹೋದ ಪೈಪ್‌ಲೈನಿಗೆ ಅರಣ್ಯ ಇಲಾಖೆಯನ್ನು ಬೈದು ಫಲವಿಲ್ಲ.

ಕಡಿಯುವುದನ್ನು ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿ. ಯಂತ್ರದಿಂದ ಎರಡೂ ಅಂಚು ನೇರ ಕೊಯ್ದು, ಮಣ್ಣನ್ನು ಅರ್ಧರ್ಧ ಅಡಿಯ ಪದರದಲ್ಲಿ ನೀರು ಹಾಕಿ ದಮ್ಮಸ್ಸು ಹೊಡೆದು, ಮೇಲೆ ಕಾಂಕ್ರೀಟ್ ಹಾಕಿ ಕನಿಷ್ಠ 7 ದಿನ ನೀರುಣಿಸಬೇಕು. ಒಮ್ಮೆಗೇ ಮಣ್ಣು ತುಂಬಿ ಮುಚ್ಚಿದರೆ ಮೊದಲ ದೊಡ್ಡ ಮಳೆಗೆ ಕುಸಿದು, ಭಾರದ ಗಾಡಿ ಹೋದಾಗ ಅದೇ ಪೈಪ್ ಮತ್ತೆ ಒಡೆಯುತ್ತದೆ.

ರಸ್ತೆ ಮುಚ್ಚುವ ಮೊದಲು ಫೆರೂಲ್ ಇರುವ ಜಾಗವನ್ನು ಎರಡು ಕಡೆಯಿಂದ ಟೇಪ್ ಹಿಡಿದು ಅಳೆಯಿರಿ: ಗೇಟಿನ ಕಂಬದಿಂದ ಇಷ್ಟು, ಲೈಟ್ ಕಂಬದಿಂದ ಇಷ್ಟು, ಆಳ ಇಷ್ಟು. ಮೂರೂ ಅಂಕಿಯನ್ನು ಪಾಗಾರದ ಒಳಮೈಯಲ್ಲಿ, ಮೀಟರಿನ ಮೇಲ್ಗಡೆ ಪೇಂಟಿನಲ್ಲಿ ಬರೆದಿಡಿ.