ಸ್ಫಿಂಕ್ಸ್ ವಿಮರ್ಶೆ: ಪೈಥಾನ್ ಸ್ಟ್ರಿಂಗ್ ಡಾಕ್ಸ್‌ನ ಲಿಂಕ್ ಸರಿಪಡಿಸಲು ಇದನ್ನು ಎಷ್ಟು ನಂಬಬಹುದು?

"ಶ್ರೀರಂಗಪಟ್ಟಣ" ಎಂಬ ಸ್ಟ್ರಿಂಗಿನ ಮೊದಲ "ಶ್ರೀ"ಯನ್ನು ಎಲ್‌ಸ್ಟ್ರಿಪ್ (ಸ್ಟ್ರಿಂಗಿನ ಶುರುವಿನಿಂದ ಅಕ್ಷರ ಕಿತ್ತುಹಾಕುವ ಪೈಥಾನ್ ಮೆಥಡ್) ಬಳಸಿ ತೆಗೆದರೆ ಉಳಿಯುವುದು "ರಂಗಪಟ್ಟಣ" ಅಲ್ಲ, "ಂಗಪಟ್ಟಣ". ಎಲ್‌ಸ್ಟ್ರಿಪ್ ನಾವು ಕೊಟ್ಟದ್ದನ್ನು ಒಂದು ಪದವೆಂದು ಓದುವುದಿಲ್ಲ. ಶಕಾರ, ಹಲಂತ, ರಕಾರ, ಈಕಾರದ ಗುರುತು ಎಂದು ಬಿಡಿಬಿಡಿಯಾಗಿ ತೆಗೆದುಕೊಂಡು, ಈ ನಾಲ್ಕರಲ್ಲಿ ಯಾವುದು ಎದುರಾದರೂ ಕಿತ್ತುಹಾಕುತ್ತಾ ಹೋಗುತ್ತದೆ. "ರಂಗ"ದ ರಕಾರವೂ ಹಾಗೇ ಹೋಗುತ್ತದೆ. ಬೇಕಿದ್ದದ್ದು ಪೈಥಾನ್ 3.9ರಲ್ಲಿ ಬಂದ ರಿಮೂವ್‌ಪ್ರಿಫಿಕ್ಸ್, ಅದು ಕೊಟ್ಟದ್ದನ್ನು ಇಡಿಯಾಗಿ ಒಂದೇ ಸಲ ತೆಗೆಯುತ್ತದೆ. ಪೈಥಾನ್ ಡಾಕ್ಸ್‌ನಲ್ಲಿ (ಅಧಿಕೃತ ದಾಖಲೆ ಪುಟಗಳಲ್ಲಿ) ಎಲ್‌ಸ್ಟ್ರಿಪ್‌ನ ವಿವರಣೆಯಲ್ಲೇ ಅದಕ್ಕೆ ಒಂದು ಲಿಂಕ್ ಇದೆ. ಆ ಲಿಂಕ್ ಸತ್ತಿದ್ದರೆ ಓದುವವನಿಗೆ ಇಂಥದ್ದೊಂದು ಮೆಥಡ್ ಇದೆ ಎಂದೇ ತಿಳಿಯುವುದಿಲ್ಲ.

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಓಪನ್ ಸೋರ್ಸ್‌ಗೆ ಮೊದಲ ಕೊಡುಗೆ ಏನು ಕೊಡೋಣ ಎಂದು ಹುಡುಕುವವರಿಗೆ ಈ ಲಿಂಕ್ ರಿಪೇರಿ ಒಳ್ಳೆಯ ಕೆಲಸ. ಅದಕ್ಕೆ ಬೇಕಾದ ಉಪಕರಣ ಸ್ಫಿಂಕ್ಸ್, ಸಾದಾ ಪಠ್ಯದ ಫೈಲುಗಳಿಂದ ಡಾಕ್ಸ್ ಪುಟಗಳನ್ನು ತಯಾರಿಸುವ ತಂತ್ರಾಂಶ. ಗೆಯೋರ್ಗ್ ಬ್ರಾಂಡ್ಲ್ ಪೈಥಾನ್ ಡಾಕ್ಸ್‌ಗೆಂದೇ ಬರೆದು 2008ರಲ್ಲಿ ಹೊರತಂದದ್ದು. ಬಿಎಸ್‌ಡಿ ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. ಈ ಬರಹದಲ್ಲಿ ಕಮಾಂಡ್, ಮೆಥಡ್ ಹೆಸರುಗಳು ಕನ್ನಡ ಲಿಪಿಯಲ್ಲಿವೆ. ಫೈಲಿನಲ್ಲಿ ಮಾತ್ರ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಶುರು ಮಾಡುವುದು ಸುಲಭ. ಹಾಸ್ಟೆಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುವವರು ಸಿಪೈಥಾನ್ ರೆಪಾಸಿಟರಿಯನ್ನು (ಪೈಥಾನಿನ ಮೂಲ ಕೋಡ್, ಡಾಕ್ಸ್ ಇರುವ ಗಿಟ್ ಸಂಗ್ರಹ) ಡೆಪ್ತ್ 1 ಕೊಟ್ಟು ಕ್ಲೋನ್ ಮಾಡಿ; ಮೂವತ್ತಕ್ಕೂ ಹೆಚ್ಚು ವರ್ಷದ ಇತಿಹಾಸ ಇಳಿಸಿಕೊಳ್ಳುವ ಅಗತ್ಯವಿಲ್ಲ. ಡಾಕ್ ಫೋಲ್ಡರಿಗೆ ಹೋಗಿ ಮೇಕ್ ವೆನ್ವ್, ಆಮೇಲೆ ಮೇಕ್ ಎಚ್‌ಟಿಎಂಎಲ್. ಸ್ಟ್ರಿಂಗಿಗೆ ಸಂಬಂಧಿಸಿದ್ದು ಮುಖ್ಯವಾಗಿ ಎರಡು ಫೈಲಿನಲ್ಲಿದೆ: ಲೈಬ್ರರಿ ಫೋಲ್ಡರಿನ ಎಸ್‌ಟಿಡಿಟೈಪ್ಸ್‌ನಲ್ಲಿ ಸ್ಟ್ರ್ ಕ್ಲಾಸಿನ ಮೆಥಡ್‌ಗಳು, ಸ್ಟ್ರಿಂಗ್ ಎಂಬ ಫೈಲಿನಲ್ಲಿ ಅದೇ ಹೆಸರಿನ ಮಾಡ್ಯೂಲ್. ಮೊದಲ ಬಿಲ್ಡ್ ನಿಧಾನ, ಆಮೇಲೆ ಬದಲಾದ ಫೈಲ್ ಮಾತ್ರ ಮತ್ತೆ ಆಗುತ್ತದೆ. ಇದರಲ್ಲೇ ಒಂದು ಮೋಸ ಹೋಗುವ ಜಾಗವಿದೆ: ಎರಡನೇ ಬಿಲ್ಡಿನಲ್ಲಿ ವಾರ್ನಿಂಗ್ ಕಡಿಮೆಯಾಯಿತೆಂದರೆ ತಪ್ಪು ಸರಿಹೋಯಿತು ಎಂದಲ್ಲ, ಆ ಫೈಲನ್ನು ಸ್ಫಿಂಕ್ಸ್ ಮತ್ತೆ ಬರೆಯಲೇ ಇಲ್ಲ ಎಂದಿರಬಹುದು. ಮೈನಸ್ ಎ ಕೊಟ್ಟು ಎಲ್ಲವನ್ನೂ ಹೊಸದಾಗಿ ಬರೆಸಿಯೇ ಎಣಿಸಿ.

ಸ್ಫಿಂಕ್ಸ್‌ನ ದೊಡ್ಡ ದೋಷ ಅದರ ಮೌನ. ರೋಲ್ ಎಂದರೆ ಬ್ಯಾಕ್‌ಟಿಕ್ ಒಳಗಿನ ಹೆಸರಿನ ಮುಂದೆ ಕೋಲನ್‌ಗಳ ನಡುವೆ ಬರೆಯುವ ಗುರುತು, ಆ ಹೆಸರು ಯಾವ ಬಗೆಯದು ಎಂದು ಅದು ಹೇಳುತ್ತದೆ. ರೆಫ್ ರೋಲ್‌ನಲ್ಲಿ ಇಲ್ಲದ ಲೇಬಲ್ (ಲಿಂಕ್ ಹೋಗಬೇಕಾದ ಜಾಗಕ್ಕೆ ಇಟ್ಟ ಹೆಸರು) ಹಾಕಿದರೆ "ಅನ್‌ಡಿಫೈನ್ಡ್ ಲೇಬಲ್" ಎಂದು ತಕ್ಷಣ ಹೇಳುತ್ತದೆ. ಆದರೆ ಮೆಥ್, ಫಂಕ್, ಕ್ಲಾಸ್ ರೋಲ್‌ಗಳಲ್ಲಿ ಇಲ್ಲದ ಹೆಸರು ಹಾಕಿದರೆ ಏನೂ ಹೇಳದೆ ಕೋಡ್ ಅಕ್ಷರದಲ್ಲಿ ಹೆಸರು ಅಚ್ಚುಮಾಡಿ ಮುಂದೆ ಹೋಗುತ್ತದೆ. ಪುಟ ನೋಡಲು ಚೆನ್ನಾಗಿಯೇ ಇರುತ್ತದೆ, ಲಿಂಕ್ ಮಾತ್ರ ಇರುವುದಿಲ್ಲ. ಬಾಯಿ ಬಿಡಿಸಲು ಮೈನಸ್ ಎನ್ ಕೊಡಬೇಕು. ಆಗ "ರೆಫರೆನ್ಸ್ ಟಾರ್ಗೆಟ್ ನಾಟ್ ಫೌಂಡ್" ಎಂಬ ಸಾಲುಗಳು ಬರುತ್ತವೆ. ಮೈನಸ್ ಡಬ್ಲ್ಯು (ಸಣ್ಣಕ್ಷರ) ಜೊತೆಗೆ ಒಂದು ಫೈಲಿನ ಹೆಸರು ಕೊಟ್ಟರೆ ಅವೆಲ್ಲ ಅದರಲ್ಲಿ ಸೇರುತ್ತವೆ. ಮೈನಸ್ ಎನ್ ಮೊದಲಿಂದಲೇ ಡೀಫಾಲ್ಟ್ ಆಗಿರಬೇಕಿತ್ತು.

ಹೆಸರು ಸಿಗದೇ ಹೋಗುವುದು ಏಕೆ? ಸ್ಟ್ರ್.ಎನ್‌ಕೋಡ್‌ನ ವಿವರಣೆಯೊಳಗೆ ಬರೀ ಡಿಕೋಡ್ ಎಂದು ಮೆಥ್ ರೋಲ್ ಬರೆದಿರಿ ಎನ್ನಿ. ಸ್ಫಿಂಕ್ಸ್ ಮೊದಲು ಡಿಕೋಡ್ ಎಂಬ ಬಿಡಿ ಹೆಸರನ್ನು ಹುಡುಕುತ್ತದೆ, ಆಮೇಲೆ ಸದ್ಯದ ಕ್ಲಾಸ್ ಸೇರಿಸಿ ಸ್ಟ್ರ್.ಡಿಕೋಡ್ ಹುಡುಕುತ್ತದೆ. ಪೈಥಾನ್ 3ರಲ್ಲಿ ಅಂಥದ್ದಿಲ್ಲ, ಅದು ಬೈಟ್ಸ್.ಡಿಕೋಡ್. ಪೂರ್ತಿ ಹೆಸರು ಬರೆದರೆ ತೊಂದರೆ ಮುಗಿಯಿತು. ಉದ್ದ ಹೆಸರು ಓದಲು ತೊಡಕೆನಿಸಿದರೆ ಮುಂದೆ ಟಿಲ್ಡೆ ಹಾಕಿ. ಲಿಂಕ್ ಪೂರ್ತಿ ಹೆಸರಿಗೆ ಹೋಗುತ್ತದೆ, ಕಾಣುವುದು ಕೊನೆಯ ಭಾಗ ಮಾತ್ರ.

ಇದಕ್ಕಿಂತ ಕೆಟ್ಟದ್ದು ತಪ್ಪು ಜಾಗಕ್ಕೆ ಹೋಗುವ ಲಿಂಕ್. ಸ್ಟ್ರ್ ಮೆಥಡ್ ಒಂದರ ವಿವರಣೆಯಲ್ಲಿ ಬರೀ ಫಾರ್ಮ್ಯಾಟ್ ಎಂದು ಮೆಥ್ ರೋಲ್ ಬರೆದರೆ, ಬಿಡಿ ಹೆಸರನ್ನು ಮೊದಲು ಹುಡುಕುವ ಅದೇ ನಿಯಮದಿಂದ ಬಿಲ್ಟ್‌ಇನ್ ಫಂಕ್ಷನ್ ಫಾರ್ಮ್ಯಾಟ್ ಸಿಕ್ಕಿಬಿಡುತ್ತದೆ. ರೋಲ್ ಮೆಥ್ ಎಂದಿದ್ದರೂ ಹೆಸರು ಅಕ್ಷರಶಃ ಹೊಂದಿದರೆ ಸ್ಫಿಂಕ್ಸ್ ಜಾತಿ ನೋಡುವುದಿಲ್ಲ. ಸ್ಟ್ರ್.ಫಾರ್ಮ್ಯಾಟ್ ಬೇಕಾದವರು ಬೇರೆ ಪುಟಕ್ಕೆ ಹೋಗಿ ಬೀಳುತ್ತಾರೆ. ಮೈನಸ್ ಎನ್ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಗುರಿ ಸಿಕ್ಕಿದೆ. ಹಿಡಿಯಲು ಕೈಕೆಲಸವೇ ಗತಿ: ಮೆಥ್ ರೋಲ್‌ನ ಬ್ಯಾಕ್‌ಟಿಕ್ ಒಳಗೆ ಚುಕ್ಕಿಯೇ ಇಲ್ಲದ ಹೆಸರುಗಳನ್ನು ಗ್ರೆಪ್ ಮಾಡಿ ತೆಗೆಯಿರಿ, ಒಂದೊಂದನ್ನೂ ಬ್ರೌಸರಿನಲ್ಲಿ ಒತ್ತಿ ಎಲ್ಲಿಗೆ ಹೋಗುತ್ತದೆ ನೋಡಿ.

ಹೆಸರಿನ ಮುಂದೆ ಬರೀ ಚುಕ್ಕಿ ಹಾಕುವ ಅಡ್ಡದಾರಿಯೂ ಇದೆ. ಆಗ ಹುಡುಕಾಟದ ಕ್ರಮ ತಿರುಗುತ್ತದೆ, ನೇರ ಗುರಿ ಸಿಗದಿದ್ದರೆ ಆ ಬಾಲದಿಂದ ಮುಗಿಯುವ ಹೆಸರುಗಳನ್ನೆಲ್ಲ ನೋಡುತ್ತದೆ. ಅಪರೂಪದ ಹೆಸರಿಗೆ ಇದು ಅನುಕೂಲ. ಸ್ಪ್ಲಿಟ್‌ನಂಥದ್ದಕ್ಕೆ ಬೇಡ: ಸ್ಟ್ರ್, ಬೈಟ್ಸ್, ಬೈಟ್‌ಅರೇ, ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಪ್ಯಾಟರ್ನ್, ಎಲ್ಲದರಲ್ಲೂ ಸ್ಪ್ಲಿಟ್ ಇದೆ. ಒಂದಕ್ಕಿಂತ ಹೆಚ್ಚು ಗುರಿ ಸಿಕ್ಕಿತು ಎಂದು ವಾರ್ನಿಂಗ್ ಕೊಟ್ಟು, ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೆ ಲಿಂಕ್ ಹಾಕಿಬಿಡುತ್ತದೆ. 2025ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.14 ಇಂಥ ಗೊಂದಲದ ಹೆಸರುಗಳಿಗೆ ಇನ್ನೊಂದನ್ನು ಸೇರಿಸಿದೆ, ಟೆಂಪ್ಲೇಟ್. ಹಳೆಯ ಸ್ಟ್ರಿಂಗ್.ಟೆಂಪ್ಲೇಟ್ ಇದ್ದೇ ಇದೆ. ಈಗ ಟಿ-ಸ್ಟ್ರಿಂಗ್‌ಗಳ ಸ್ಟ್ರಿಂಗ್.ಟೆಂಪ್ಲೇಟ್‌ಲಿಬ್.ಟೆಂಪ್ಲೇಟ್ ಕೂಡ ಇದೆ. ಎರಡೂ ಬೇರೆಬೇರೆ ವಸ್ತು. ಟೆಂಪ್ಲೇಟ್ ಎಂದು ಎಲ್ಲೇ ಬರೆದರೂ ಮಾಡ್ಯೂಲ್ ಹೆಸರು ಸೇರಿಸಿಯೇ ಬರೆಯಬೇಕು.

ಉಳಿದ ಸಣ್ಣ ತಪ್ಪುಗಳು ಬೇಗ ಸರಿಯಾಗುತ್ತವೆ. ರೋಲ್ ಒಳಗೆ ಆರ್ಗ್ಯುಮೆಂಟ್ ಬರೆದರೆ ಲಿಂಕ್ ಸಾಯುತ್ತದೆ, ಖಾಲಿ ಆವರಣ ಪರವಾಗಿಲ್ಲ. ಆರ್ಗ್ಯುಮೆಂಟ್ ಕಾಣಲೇಬೇಕಿದ್ದರೆ ಮೊದಲು ಕಾಣುವ ಪಠ್ಯ, ನಂತರ ಕೋನಾವರಣದೊಳಗೆ ಗುರಿ. ಲೇಬಲ್ ಕೂರಿಸುವಾಗ ಮುಂದೆ ಅಂಡರ್‌ಸ್ಕೋರ್ ಬೇಕು, ಕರೆಯುವಾಗ ಬೇಡ. ಒಂದೇ ಪ್ಯಾರಾದಲ್ಲಿ ನಾಲ್ಕು ಸಲ ಬರುವ ಹೆಸರಿಗೆ ನಾಲ್ಕು ಲಿಂಕ್ ಬೇಡ. ಮುಂದೆ ಉದ್ಗಾರ ಚಿಹ್ನೆ ಹಾಕಿದರೆ ಸ್ಫಿಂಕ್ಸ್ ಲಿಂಕ್ ಕೊಡದೆ ಬಿಡುತ್ತದೆ. ಆದರೆ ವಾರ್ನಿಂಗ್ ಬಾಯಿ ಮುಚ್ಚಿಸಲೆಂದು ಎಲ್ಲದಕ್ಕೂ ಅದೇ ಚಿಹ್ನೆ ಜಡಿಯುವುದು ರಿಪೇರಿ ಅಲ್ಲ.

ಕನ್ನಡದಲ್ಲಿ ಡಾಕ್ಸ್ ಬರೆಯುವವರಿಗೆ ಸ್ಫಿಂಕ್ಸ್ ಕೊಡುವ ತೊಂದರೆ ಬೇರೆ ಬಗೆಯದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಸ್ಟ್ರ್.ಜಾಯಿನ್ ಎಂಬ ರೋಲ್ ಮುಚ್ಚುವ ಬ್ಯಾಕ್‌ಟಿಕ್ ಆದ ಕೂಡಲೇ "ನ" ಅಥವಾ "ಅನ್ನು" ಅಂಟಿಸಿ ಬರೆದರೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನ (ಸ್ಫಿಂಕ್ಸ್ ಫೈಲುಗಳನ್ನು ಬರೆಯುವ ಗುರುತು ಪದ್ಧತಿ) ನಿಯಮ ಮುರಿಯುತ್ತದೆ: ಮುಚ್ಚುವ ಗುರುತಿನ ನಂತರ ಖಾಲಿ ಜಾಗ ಅಥವಾ ವಿರಾಮ ಚಿಹ್ನೆ ಇರಲೇಬೇಕು. ಬ್ಯಾಕ್‌ಟಿಕ್ ಮುಚ್ಚಿದ್ದೇ ಲೆಕ್ಕಕ್ಕೆ ಬರುವುದಿಲ್ಲ, ಪುಟದಲ್ಲಿ ಕೋಲನ್, ಬ್ಯಾಕ್‌ಟಿಕ್ ಸಮೇತ ಹಸಿ ಪಠ್ಯ ಕಾಣಿಸುತ್ತದೆ. ಖಾಲಿ ಜಾಗ ಬಿಟ್ಟರೆ ಕನ್ನಡ ಕೆಡುತ್ತದೆ. ಪರಿಹಾರ: ಬ್ಯಾಕ್‌ಟಿಕ್ ಆದ ಮೇಲೆ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಸ್ಪೇಸ್, ಆಮೇಲೆ ಪ್ರತ್ಯಯ. ಬ್ಯಾಕ್‌ಸ್ಲ್ಯಾಶ್ ಹಾಕಿದ ಸ್ಪೇಸ್ ಅಚ್ಚಿನಲ್ಲಿ ಮಾಯವಾಗುತ್ತದೆ, ಪ್ರತ್ಯಯ ಲಿಂಕಿಗೆ ಅಂಟಿಯೇ ಕಾಣುತ್ತದೆ. ಪ್ರತಿ ಸಾಲಿನಲ್ಲೂ ಹೀಗೆ ಮಾಡುವುದು ಬೇಸರದ ಕೆಲಸ ನಿಜ, ಆದರೂ ಇದನ್ನು ಬಿಟ್ಟು "ಸ್ಟ್ರ್.ಜಾಯಿನ್ ಅನ್ನು" ಎಂದು ಒಡೆದು ಬರೆಯುವ ರೂಢಿಗೆ ಬೀಳಬಾರದು.

ಕನ್ನಡ ಶೀರ್ಷಿಕೆಗಳದ್ದೂ ಇಂಥದ್ದೇ ಕಥೆ. ಶೀರ್ಷಿಕೆಯಿಂದ ಆಂಕರ್ (ಆ ವಿಭಾಗಕ್ಕೆ ನೇರ ಲಿಂಕ್ ಕೊಡಲು ಬಳಸುವ ಗುರುತು) ತಯಾರಿಸುವಾಗ ಆಸ್ಕಿ ಅಲ್ಲದ, ಅಂದರೆ ಇಂಗ್ಲಿಷಿನಾಚೆಯ ಅಕ್ಷರಗಳೆಲ್ಲ ಉದುರುತ್ತವೆ. "ಸ್ಟ್ರಿಂಗ್ ಜೋಡಿಸುವುದು" ಎಂಬುದರಲ್ಲಿ ಏನೂ ಉಳಿಯದ ಕಾರಣ ಸ್ಫಿಂಕ್ಸ್ ಐಡಿ1, ಐಡಿ2 ಎಂದು ಎಣಿಸುತ್ತದೆ. ನಡುವೆ ಹೊಸ ವಿಭಾಗ ಸೇರಿದ ದಿನ ಎಣಿಕೆ ಸರಿದು, ಹೊರಗಿನವರು ಇಟ್ಟುಕೊಂಡಿದ್ದ ಲಿಂಕ್‌ಗಳು ಬೇರೆ ವಿಭಾಗಕ್ಕೆ ಹೋಗುತ್ತವೆ. ಪ್ರತಿ ಕನ್ನಡ ಶೀರ್ಷಿಕೆಯ ಮೇಲೂ ಇಂಗ್ಲಿಷ್ ಅಕ್ಷರದ ಲೇಬಲ್ ಒಂದನ್ನು ನೀವೇ ಕೂರಿಸಿ, ನಡುವೆ ಒಂದು ಖಾಲಿ ಸಾಲು ಬಿಡಿ.

ಇಂಟರ್‌ಸ್ಫಿಂಕ್ಸ್ ಇಡೀ ಪ್ಯಾಕೇಜಿನಲ್ಲಿ ಅತ್ಯುತ್ತಮ ಭಾಗ. ನಿಮ್ಮ ಕನ್ನಡ ಪಾಠದಿಂದ ಪೈಥಾನಿನ ಮೂಲ ಡಾಕ್ಸ್‌ಗೆ ವಿಳಾಸ ಬರೆಯದೆ ಲಿಂಕ್ ಕೊಡಬಹುದು. ಕಾನ್ಫ್ ಫೈಲಿನ ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಇದರ ಹೆಸರು, ಜೊತೆಗೆ ಮ್ಯಾಪಿಂಗ್ ಒಂದು ಸಾಲು ಸಾಕು. ಮೂಲ ಡಾಕ್ಸ್‌ನ ಗುರಿಗಳ ಪಟ್ಟಿಯಾದ ಆಬ್ಜೆಕ್ಟ್ಸ್.ಇನ್ವ್ ಫೈಲನ್ನು ಇಂಟರ್‌ಸ್ಫಿಂಕ್ಸ್ ಮಾಡ್ಯೂಲಿನ ಮೂಲಕ ಟರ್ಮಿನಲ್ಲಿನಲ್ಲಿ ತೆರೆದರೆ ಎಲ್ಲ ಗುರಿಗಳ ನಿಖರ ಹೆಸರು ಸಿಗುತ್ತದೆ, ಊಹೆ ಮಾಡುವ ಪ್ರಮೇಯವಿಲ್ಲ. ಕನ್ನಡಿಗರಿಗೆ ಇದರ ಉಪಯೋಗ ಹೆಚ್ಚು. "ಮೈಸೂರು" ಎಂಬುದಕ್ಕೆ ಐಸ್‌ಆಲ್ಫಾ (ಎಲ್ಲವೂ ಅಕ್ಷರವೇ ಎಂದು ನೋಡುವ ಮೆಥಡ್) ಫಾಲ್ಸ್ ಕೊಡುತ್ತದೆ, ಐಸ್‌ಐಡೆಂಟಿಫೈಯರ್ (ಕೋಡಿನಲ್ಲಿ ಹೆಸರಾಗಿ ಬಳಸಬಹುದೇ ಎಂದು ನೋಡುವುದು) ಟ್ರೂ ಕೊಡುತ್ತದೆ. ಐ, ಊ, ಉ ಕಾರಗಳ ಗುರುತುಗಳು ಯೂನಿಕೋಡಿನ ಲೆಕ್ಕದಲ್ಲಿ "ಅಕ್ಷರ"ಗಳಲ್ಲ. "ಕೋ" ಎಂಬುದರ ಉದ್ದ ಎನ್‌ಎಫ್‌ಸಿ (ಗುರುತುಗಳನ್ನು ಕೂಡಿಸಿದ ಯೂನಿಕೋಡ್) ರೂಪದಲ್ಲಿ 2, ಎನ್‌ಎಫ್‌ಡಿಯಲ್ಲಿ (ಬಿಡಿಸಿದ ರೂಪದಲ್ಲಿ) 4. ಕಣ್ಣಿಗೆ ಒಂದೇ, ಹೋಲಿಸಿದರೆ ಸಮವಲ್ಲ. ಇಂಥ ಕಡೆ ಐಸ್‌ಆಲ್ಫಾಗೂ ಯೂನಿಕೋಡ್‌ಡೇಟಾ.ನಾರ್ಮಲೈಸ್‌ಗೂ ಲಿಂಕ್ ಕೊಡದ ಪಾಠ ಅರ್ಧ ಪಾಠ.

ಹೊರಗಿನ ವಿಳಾಸಗಳಿಗೆ ಲಿಂಕ್‌ಚೆಕ್ ಬಿಲ್ಡರ್ ಇದೆ, ಫಲಿತಾಂಶ ಔಟ್‌ಪುಟ್ ಎಂಬ ಟೆಕ್ಸ್ಟ್ ಫೈಲಿನಲ್ಲಿ. ನಿಧಾನ, ನೆಟ್ ಕೈಕೊಟ್ಟರೆ ಸುಳ್ಳು ದೂರು ಕೊಡುತ್ತದೆ. ಎರಡು ಸಲ ಓಡಿಸಿ ಎರಡರಲ್ಲೂ ಬಂದದ್ದನ್ನು ಮಾತ್ರ ನಂಬಿ.

ತಿದ್ದಿದ್ದನ್ನು ಕಳಿಸುವ ಮುಂಚೆ ಮೇಕ್ ಚೆಕ್ ಓಡಿಸಿ. ಅದು ಓಡಿಸುವ ಸ್ಫಿಂಕ್ಸ್-ಲಿಂಟ್ ಎಂಬ ತಪಾಸಣೆ ಉಪಕರಣ ಬಿಟ್ಟುಹೋದ ಬ್ಯಾಕ್‌ಟಿಕ್‌ಗಳನ್ನು ಹಿಡಿಯುತ್ತದೆ. ಪುಲ್ ರಿಕ್ವೆಸ್ಟ್ ಒಂದರಲ್ಲಿ ಲಿಂಕ್ ತಿದ್ದುಪಡಿ ಮಾತ್ರ ಇರಲಿ, ಸಾಲು ಮಡಿಚುವುದನ್ನೂ ಜೊತೆಗೆ ಬದಲಿಸಿದರೆ ಪರಿಶೀಲಿಸುವವರಿಗೆ ಯಾವುದು ರಿಪೇರಿ ಎಂದು ಕಾಣುವುದಿಲ್ಲ. ಸಣ್ಣ ಡಾಕ್ಸ್ ತಿದ್ದುಪಡಿಗೆ ಇಶ್ಯೂ ತೆರೆಯಬೇಕಿಲ್ಲ, ನ್ಯೂಸ್ (ಬದಲಾವಣೆಗಳ ಪಟ್ಟಿ) ನಮೂದೂ ಬೇಡ. ಕೊಡುಗೆದಾರರ ಒಪ್ಪಂದಕ್ಕೆ ಮಾತ್ರ ಮೊದಲ ಸಲ ಸಹಿ ಹಾಕಬೇಕು.