ಎದೆಯುರಿಗೆ ಮೂರು ಹಳೇ ಮದ್ದು: ಒಬ್ಬ ಕೆಮಿಸ್ಟ್ರಿ ಟೀಚರ್ ಕೊಟ್ಟ ಮಾರ್ಕ್ಸ್

ಪರೀಕ್ಷೆ ಪೇಪರ್ ತಿದ್ದುವ ಕಾಲ ಬಂತೆಂದರೆ ನನಗೆ ಎದೆಯುರಿಯೂ ಬಂತು ಅಂತಲೇ ಲೆಕ್ಕ. ಕೂತಲ್ಲೇ ಕೂರುವುದು, ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ತಿಂದ ಕೂಡಲೇ ಮಲಗುವುದು. ಡಾಕ್ಟರ್ ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ, ಅಪರೂಪಕ್ಕೊಮ್ಮೆ ಬೇಕಾದರೆ ಆಂಟಾಸಿಡ್ ತಗೊಳ್ಳಿ ಅಂದರು. ಔಷಧದ ಅಂಗಡಿಯಲ್ಲಿ ಸಿಕ್ಕಿದ್ದು ಮೂರು ಬಗೆ: ನೀರಿಗೆ ಹಾಕಿದರೆ ನೊರೆ ಉಕ್ಕುವ ಪುಡಿ, ಮಿಲ್ಕ್ ಆಫ್ ಮೆಗ್ನೀಶಿಯಾ ಅನ್ನುವ ಬಿಳಿ ದ್ರವ, ಜಗಿಯುವ ಕ್ಯಾಲ್ಸಿಯಂ ಮಾತ್ರೆ. ಮೂರನ್ನೂ ಬಳಸಿ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಒಳಗಿನ ಸರಕು ಎಲ್ಲರದೂ ಹೆಚ್ಚುಕಡಿಮೆ ಒಂದೇ.

ಈ ಮೂರೂ ಹೊಸ ಕಾಲದವಲ್ಲ. ಹಳೇ ವೈದ್ಯರು ಕೊಡುತ್ತಿದ್ದ ಮದ್ದುಗಳೇ. ಆದರೆ ಅವರು ಮದ್ದಿನ ಜೊತೆಗೆ ಊಟದ ನಿಯಮವನ್ನೂ ಬರೆದುಕೊಡುತ್ತಿದ್ದರು. ಈಗ ಮದ್ದು ಮಾತ್ರ ಉಳಿದಿದೆ, ನಿಯಮ ಬಿದ್ದುಹೋಗಿದೆ. ನನ್ನ ಮುಖ್ಯ ತಕರಾರು ಅದೇ.

ಮೊದಲು ನೊರೆಪುಡಿ. ಒಳಗಿರುವುದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ಒಣಗಿದ್ದಾಗ ಎರಡೂ ಸುಮ್ನೆ ಇರುತ್ತವೆ, ನೀರು ಬಿತ್ತೋ ಜಗಳ ಶುರು. ಲೋಟದಲ್ಲಿ ಕಾಣುವ ಆ ಗದ್ದಲವೆಲ್ಲ ಇವೆರಡರ ನಡುವಿನದು, ನಿಮ್ಮ ಹೊಟ್ಟೆಯ ಆಮ್ಲಕ್ಕೂ ಅದಕ್ಕೂ ಇನ್ನೂ ಪರಿಚಯವೇ ಆಗಿರುವುದಿಲ್ಲ. ಹಾಗಂತ ಬರೀ ಆಟ ಅನ್ನುವಂತಿಲ್ಲ. ಉಳಿದ ಸೋಡಾ ಮತ್ತು ಹೊಸದಾಗಿ ಹುಟ್ಟಿದ ಸೋಡಿಯಂ ಸಿಟ್ರೇಟ್ ಒಳಗೆ ಹೋಗಿ ಆಮ್ಲವನ್ನು ತಣಿಸುತ್ತವೆ. ಅದಕ್ಕೇ ಪರಿಣಾಮ ಬೇಗ. ಲೋಟ ತೊಳೆದಿಡುವಷ್ಟರಲ್ಲಿ ಒಂದು ದೊಡ್ಡ ತೇಗು ಬರುತ್ತದೆ, ಉರಿ ಇಳಿಯುತ್ತದೆ. ಆದರೆ ಅಷ್ಟೇ ಬೇಗ ವಾಪಸ್ಸೂ ಬರುತ್ತದೆ. ಹೊಟ್ಟೆ ಉಬ್ಬರ ಇದ್ದವರಿಗೆ ಈ ಗಾಳಿ ಇನ್ನಷ್ಟು ಹಿಂಸೆ.

ಬಿ.ಪಿ. ಇರುವವರು ಇಲ್ಲಿ ಲೆಕ್ಕ ನೋಡಬೇಕು. ಅಡುಗೆ ಸೋಡಾದ ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೋಡಿಯಂ. ಎರಡು ಗ್ರಾಂ ಸೋಡಾ ಅಂದರೆ ಸುಮಾರು 550 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2000 ಮಿಲಿಗ್ರಾಂನ ಒಳಗೆ. ನಾನು ತಂದ ಪ್ಯಾಕೆಟ್‌ನಲ್ಲಿ ಈ ಅಂಕಿ ಇತ್ತು, ಆದರೆ ಭೂತಕನ್ನಡಿ ಬೇಕಾಯಿತು. ಪ್ಯಾಕೆಟ್ ಹರಿಯುವ ಗೀಟು ಸರಿಯಾಗಿ ಅದರ ಮೇಲೇ ಹಾದುಹೋಗಿತ್ತು.

ಜಗಿಯುವ ಮಾತ್ರೆ ನನಗೆ ಇಷ್ಟವಾಯಿತು. ಪುದೀನ ವಾಸನೆ ಮೊದಲು ಬರುತ್ತದೆ, ಆಮೇಲೆ ಬೋರ್ಡಿನ ಮುಂದೆ ನಿಂತಾಗ ಬಾಯಿಗೆ ಹೋಗುವ ಸೀಮೆಸುಣ್ಣದ ರುಚಿ. ಇಷ್ಟು ವರ್ಷ ತರಗತಿಯಲ್ಲಿ ಪುಕ್ಕಟೆ ನುಂಗಿದ್ದಕ್ಕೆ ಈಗ ದುಡ್ಡು ಕೊಡುತ್ತಿದ್ದೇನೆ ಅನ್ನಿಸಿತು. ಮಾತ್ರೆಯಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹಿಂದೆ ಯುರೋಪಿನ ವೈದ್ಯರು ಇದನ್ನೇ ಬೇರೆ ಬೇರೆ ವೇಷದಲ್ಲಿ ಕೊಡುತ್ತಿದ್ದರು: ಸಿಂಪಿ ಚಿಪ್ಪಿನ ಪುಡಿ, ಹವಳದ ಪುಡಿ, ಸಾಹುಕಾರರಿಗಾದರೆ ಮುತ್ತಿನ ಪುಡಿ. ‘ಏಡಿ ಕಣ್ಣು’ ಅಂತ ಇನ್ನೊಂದಿತ್ತು. ಅದು ಕಣ್ಣಲ್ಲ, ಏಡಿಯದೂ ಅಲ್ಲ. ಕ್ರೇಫಿಶ್ ಅನ್ನುವ, ಸೀಗಡಿಯಂಥ ಸಿಹಿನೀರಿನ ಪ್ರಾಣಿಯ ಹೊಟ್ಟೆಯಲ್ಲಿ ಬೆಳೆಯುವ ಸುಣ್ಣದ ಹರಳು. ಮುತ್ತು ತಿಂದ ಶ್ರೀಮಂತನಿಗೂ ಚಿಪ್ಪು ತಿಂದ ಬಡವನಿಗೂ ಹೊಟ್ಟೆಯಲ್ಲಿ ನಡೆದದ್ದು ಒಂದೇ ರಾಸಾಯನಿಕ ಕ್ರಿಯೆ. ಹೊಟ್ಟೆಯಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲ ಅಂತ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ತೋರಿಸಿದ್ದು 1824ರಲ್ಲಿ. ಕಾರಣ ಗೊತ್ತಾಗುವ ಎಷ್ಟೋ ಮೊದಲೇ ಮದ್ದು ಕೈಯಲ್ಲಿತ್ತು.

ಮಾತ್ರೆ ಬ್ಯಾಗಿನಲ್ಲಿಟ್ಟುಕೊಳ್ಳಲು ಸುಲಭ, ನೀರೂ ಬೇಡ. ಒಂದೇ ಎಚ್ಚರ: ನಾನು ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ಳುವವಳು. ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ದೇಹಕ್ಕೆ ಸೇರದ ಹಾಗೆ ಮಾಡುತ್ತದೆ. ನಡುವೆ ನಾಲ್ಕು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯೋಟಿಕ್‌ಗಳ ಕತೆಯೂ ಹೀಗೇ.

ಮಿಲ್ಕ್ ಆಫ್ ಮೆಗ್ನೀಶಿಯಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾರ್ಲ್ಸ್ ಫಿಲಿಪ್ಸ್ ಅನ್ನುವವರು ಅಮೆರಿಕದಲ್ಲಿ 1873ರಲ್ಲಿ ಈ ಹೆಸರಿನಲ್ಲಿ ತಂದದ್ದು. ಇದರೊಳಗಿನ ಮೆಗ್ನೀಶಿಯಂ ಹೈಡ್ರಾಕ್ಸೈಡ್ ಅಷ್ಟೇ ತೂಕದ ಸೋಡಾಗಿಂತ ಸುಮಾರು ಮೂರು ಪಟ್ಟು ಆಮ್ಲ ತಣಿಸುತ್ತದೆ, ಗಾಳಿಯೂ ಹುಟ್ಟುವುದಿಲ್ಲ. ಮೇಷ್ಟ್ರ ಲೆಕ್ಕದಲ್ಲಿ ಇದೇ ಫಸ್ಟ್ ಕ್ಲಾಸ್. ಆದರೆ ಭೇದಿ ಮಾಡಿಸುತ್ತದೆ. ಮಲಬದ್ಧತೆಗೆ ಇದನ್ನೇ ಕೊಡುತ್ತಾರೆ ಅಂದಮೇಲೆ ಉಳಿದದ್ದು ನೀವೇ ಊಹಿಸಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಈಗ ಆ ಬಿದ್ದುಹೋದ ನಿಯಮದ ವಿಷಯ. ಮೂರು ಪ್ಯಾಕಿನ ಒಳಚೀಟಿಗಳನ್ನೂ ಓದಿದೆ. ಊಟದ ಬಗ್ಗೆ ಒಂದರಲ್ಲಿ ಅರ್ಧ ಸಾಲು, ಉಳಿದೆರಡರಲ್ಲಿ ಅದೂ ಇಲ್ಲ. ಹಳಬರು ಹಾಗಿರಲಿಲ್ಲ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಅಕಸ್ಮಾತ್ ಗುಂಡು ತಗುಲಿತು. ಬದುಕಿಕೊಂಡ, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಎಳೆದು ನೋಡಿ, ಎಷ್ಟು ಹೊತ್ತಿಗೆ ಕರಗಿತು ಅಂತ ಬರೆದಿಟ್ಟರು. 1833ರಲ್ಲಿ ಅಚ್ಚಾದ ಅವರ ಪಟ್ಟಿಯಲ್ಲಿ ಬೇಯಿಸಿದ ಅಕ್ಕಿಗೆ ಒಂದು ಗಂಟೆ, ಹುರಿದ ಹಂದಿಮಾಂಸಕ್ಕೆ ಐದೂಕಾಲು ಗಂಟೆ. ಆ ಬಡಪಾಯಿಯನ್ನು ವರ್ಷಗಟ್ಟಲೆ ಪ್ರಯೋಗದ ವಸ್ತು ಮಾಡಿಕೊಂಡದ್ದು ನೆನೆದರೆ ನನಗೆ ಸಿಟ್ಟು ಬರುತ್ತದೆ. ಆದರೆ ಅವರು ಕಂಡುಕೊಂಡದ್ದರಲ್ಲಿ ಸುಳ್ಳಿಲ್ಲ: ನುಣ್ಣಗೆ ಅಗಿದದ್ದು ಬೇಗ ಕರಗುತ್ತದೆ, ಕೊಬ್ಬು ನಿಧಾನ, ಸಿಟ್ಟು ಬಂದರೆ ಹೊಟ್ಟೆಯ ಒಳಪದರವೇ ಬದಲಾಗುತ್ತದೆ, ಜನ ಬೇಕಾದ್ದಕ್ಕಿಂತ ಜಾಸ್ತಿ ತಿನ್ನುತ್ತಾರೆ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಪಾದರಸದಿಂದ ಮಾಡಿದ ಕ್ಯಾಲೊಮೆಲ್ ಕೊಟ್ಟು ರೋಗಿಗಳ ಹಲ್ಲು ಉದುರಿಸಿದವರೂ ಹಳೇ ವೈದ್ಯರೇ. 1915ರಲ್ಲಿ ಶಿಕಾಗೋದ ಬರ್ಟ್ರಾಮ್ ಸಿಪ್ಪಿ ಹೊಟ್ಟೆಹುಣ್ಣಿಗೆ ಒಂದು ಪಥ್ಯ ಹೇಳಿದರು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಗಂಟೆಗೊಮ್ಮೆ ಹಾಲು-ಕೆನೆ ಬೆರೆಸಿ ಸುಮಾರು 90 ಮಿಲಿಲೀಟರ್, ನಡುನಡುವೆ ಕ್ಷಾರದ ಪುಡಿ. ದಶಕಗಟ್ಟಲೆ ಆಸ್ಪತ್ರೆಗಳಲ್ಲಿ ಇದೇ ನಡೆಯಿತು. ಹಾಲು ಕುಡಿದಾಗ ತಂಪು ಅನ್ನಿಸುತ್ತದೆ, ನಿಜ. ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಮತ್ತೆ ಆಮ್ಲ ಸುರಿಸುತ್ತವೆ. ಹಾಲು, ಕ್ಷಾರ ಎರಡೂ ಅತಿಯಾಗಿ ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಟ್ಟಿತು. ಜಗಿಯುವ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಥರ ದಿನವಿಡೀ ಚಪ್ಪರಿಸುವವರಿಗೆ ಇವತ್ತಿಗೂ ಆ ಅಪಾಯ ಇದೆ.

ಹೆಚ್ಚಿನ ಹುಣ್ಣುಗಳಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಬ್ಯಾಕ್ಟೀರಿಯಾದ ಪಾತ್ರ ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಯಾರೂ ನಂಬದಿದ್ದಾಗ, 1984ರಲ್ಲಿ, ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದಿದ್ದರು. ತಮಾಷೆ ಏನೆಂದರೆ ಸಿಪ್ಪಿಯವರ ಪುಡಿಯಲ್ಲಿದ್ದ ಬಿಸ್ಮತ್ ಅನ್ನುವ ಲೋಹದ ಲವಣ ಈ ಬ್ಯಾಕ್ಟೀರಿಯಾಕ್ಕೆ ಕಂಟಕ. ಇವತ್ತಿನ ಚಿಕಿತ್ಸೆಯಲ್ಲೂ ಆಂಟಿಬಯೋಟಿಕ್‌ಗಳ ಜೊತೆ ಅದನ್ನು ಕೊಡುವುದುಂಟು. ಗುರಿ ಗೊತ್ತಿಲ್ಲದೆ ಹೊಡೆದ ಕಲ್ಲು ತಾಗಿತ್ತು, ಅಲ್ವಾ?

ಇನ್ನು ಮಾರ್ಕ್ಸ್, ಐದಕ್ಕೆ. ಜಗಿಯುವ ಮಾತ್ರೆಗೆ ನಾಲ್ಕು, ಬ್ಯಾಗಿನಲ್ಲಿ ಉಳಿದಿರುವುದು ಅದೊಂದೇ. ಮೆಗ್ನೀಶಿಯಾಕ್ಕೆ ಮೂರು. ಬಾಟಲಿ ಬಾಯಲ್ಲಿ ಬಿಳಿ ಗಟ್ಟಿಯಾಗಿ ಕೂತು ಮುಚ್ಚಳ ತೆರೆಯುವುದೇ ಕಷ್ಟ. ನೊರೆಪುಡಿಗೆ ಎರಡೂವರೆ. ಒಮ್ಮೆಗೆ ಒಳ್ಳೆಯದು, ರೂಢಿಗೆ ಅಲ್ಲ. ಬೋಮಾಂಟರ ಮಾತಿಗೆ ಪ್ಯಾಕೆಟ್ ಇಲ್ಲ, ಆದರೂ ನಾಲ್ಕೂವರೆ ಕೊಡುತ್ತೇನೆ. ರಾತ್ರಿ ಊಟ ಕಮ್ಮಿ ಮಾಡಿ, ಮಲಗುವ ಮೂರು ಗಂಟೆ ಮೊದಲೇ ಮುಗಿಸಲು ಶುರು ಮಾಡಿದಾಗಿಂದ ಮಾತ್ರೆ ನಿಧಾನವಾಗಿ ಖರ್ಚಾಗುತ್ತಿದೆ. ಅರ್ಧ ಮಾರ್ಕ್ ಕಳೆದದ್ದು ಆ ಕೂಲಿಯಾಳಿನ ಲೆಕ್ಕಕ್ಕೆ.

ಎರಡು ವಾರ ಕಳೆದರೂ ಆಂಟಾಸಿಡ್ ಬೇಕೇ ಬೇಕು ಅನ್ನಿಸಿದರೆ ಡಾಕ್ಟರ್ ಹತ್ತಿರ ಹೋಗಿ. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಇವಿದ್ದರೆ ಎರಡು ವಾರವೂ ಕಾಯಬೇಡಿ. ನೊರೆಪುಡಿಯವರು ಸೋಡಿಯಂ ಅಂಕಿಯನ್ನು ದಪ್ಪಕ್ಷರದಲ್ಲಿ, ಹರಿಯುವ ಗೀಟಿನಿಂದ ದೂರ ಹಾಕಿದರೆ ಇನ್ನರ್ಧ ಮಾರ್ಕ್ ಸೇರಿಸಲು ನಾನು ತಯಾರು.