ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರುವವರಿಗೆ: ಮಿಂಟ್, ಜೋರಿನ್, ಉಬುಂಟು, ಫೆಡೋರಾ ಬಳಸಿ ನೋಡಿದ ಹೋಲಿಕೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಪ್ರೊಸೆಸರ್ ಇಂಟೆಲ್ ಆಗಿದ್ದರೆ ಸಾಮಾನ್ಯವಾಗಿ 8ನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಅಪ್‌ಡೇಟ್ ಇಲ್ಲದೆ ಕೂತಿವೆ. ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಬಹುದು ಅನ್ನೋದು ಈಗ ಬಹಳ ಜನಕ್ಕೆ ಗೊತ್ತು. ಆದರೆ ಲಿನಕ್ಸ್‌ನಲ್ಲಿ ಡಿಸ್ಟ್ರೋ ಅನ್ನುವ ಹಲವು ಬಗೆಗಳಿವೆ, ಯಾವುದು ಅನ್ನುವಲ್ಲೇ ತಲೆ ಕೆಡುವುದು.

ಹೊಸಬರಿಗೆ ಅಂತ ಜಾಸ್ತಿ ಕೇಳಿಬರುವ ನಾಲ್ಕನ್ನು ನಾನು ದಿನದ ಕೆಲಸಕ್ಕೇ ಹಾಕಿಕೊಂಡು ನೋಡಿದ್ದೇನೆ. ಹಳೆಯ ಲ್ಯಾಪ್‌ಟಾಪ್ ಒಂದು, ಸ್ವಲ್ಪ ಹೊಸದು ಇನ್ನೊಂದು. ಬ್ರೌಸರ್, ಕನ್ನಡ ಟೈಪಿಂಗ್, ವರ್ಡ್ ಮತ್ತು ಎಕ್ಸೆಲ್ ಫೈಲುಗಳು, ವಿಡಿಯೋ ಕಾಲ್, ಪ್ರಿಂಟರ್, ಇಷ್ಟು ನನ್ನ ಬಳಕೆ. ಅಳೆದದ್ದು ಒಂದೇ ವಿಷಯ. ಹೊಸಬರು ಮೊದಲ ತಿಂಗಳಲ್ಲಿ ಎಷ್ಟು ಸಲ ಇನ್ನೊಬ್ಬರ ಸಹಾಯ ಹುಡುಕಬೇಕಾಗುತ್ತದೆ? ನೋಡೋಕೆ ವಿಂಡೋಸ್ ತರ ಇದೆಯಾ ಅನ್ನೋದು ಆಮೇಲಿನ ಮಾತು. ಹೊಸ ನೋಟಕ್ಕೆ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ವೈಫೈ ಹಿಡಿಯದಿದ್ದರೆ, ಅಪ್‌ಡೇಟ್ ಆದಮೇಲೆ ಸ್ಕ್ರೀನ್ ಕಪ್ಪಾಗಿ ಕೂತರೆ, ಆಗಲೇ ಜನ ಲಿನಕ್ಸ್ ಸಹವಾಸವೇ ಬೇಡ ಅಂತ ವಾಪಸ್ ಹೋಗುವುದು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿನಮನ್ ಅನ್ನುವ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಮಿಂಟ್‌ಗೆ.

ಮಿಂಟ್: ಬಿದ್ದರೆ ಎತ್ತುವ ವ್ಯವಸ್ಥೆ

ಮಿಂಟ್ ಶುರುವಾದದ್ದು 2006ರಲ್ಲಿ. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ, ಅದರ ಅಡಿಪಾಯ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ಯಾವುದು ಎಲ್ಲಿದೆ ಅಂತ ಹೇಳಿಕೊಡಬೇಕಾಗಿಲ್ಲ.

ನನಗೆ ಇಷ್ಟವಾದದ್ದು ಮೊದಲ ಸಲ ಲಾಗಿನ್ ಆದಾಗ ಬರುವ ಸ್ವಾಗತದ ಕಿಟಕಿ. ಅದರಲ್ಲಿ ಮೊದಲು ಮಾಡಬೇಕಾದ ಕೆಲಸಗಳ ಪುಟವೊಂದಿದೆ. ಸ್ನ್ಯಾಪ್‌ಶಾಟ್ (ಸಿಸ್ಟಂನ ಆ ಹೊತ್ತಿನ ಸ್ಥಿತಿಯ ನಕಲು), ಡ್ರೈವರ್, ಅಪ್‌ಡೇಟ್, ಫೈರ್‌ವಾಲ್ ಎಲ್ಲಕ್ಕೂ ಅಲ್ಲೇ ಬಟನ್ ಇದೆ. ಹೊಸಬರಿಗೆ ಹೇಳಬೇಕಾದ್ದನ್ನೆಲ್ಲ ಒಂದೇ ಕಡೆ ಇಟ್ಟಿದ್ದಾರೆ. ಸ್ನ್ಯಾಪ್‌ಶಾಟ್ ಒತ್ತಿದರೆ ಟೈಮ್‌ಶಿಫ್ಟ್ ಅನ್ನುವ ಆ್ಯಪ್ ತೆರೆಯುತ್ತದೆ. ಆರ್‌ಸಿಂಕ್ ಅನ್ನುವ ಆಯ್ಕೆಯನ್ನು ಹಾಗೇ ಬಿಟ್ಟು, ಯಾವ ಡಿಸ್ಕ್‌ನಲ್ಲಿ ಇಡಬೇಕು, ದಿನಕ್ಕೊಂದಾ ವಾರಕ್ಕೊಂದಾ ಅಂತ ಹೇಳಿದರೆ ಮುಗಿಯಿತು. ಆಮೇಲೆ ಸಿಸ್ಟಂ ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗಬಹುದು.

ಇದು ನಿಜಕ್ಕೂ ಕೆಲಸ ಮಾಡುತ್ತಾ ಅಂತ ಬೇಕಂತಲೇ ಪರೀಕ್ಷೆ ಮಾಡಿದೆ. ಚೆನ್ನಾಗಿದ್ದ ಸಿಸ್ಟಂನಿಂದ ಡೆಸ್ಕ್‌ಟಾಪ್ ಪ್ಯಾಕೇಜುಗಳನ್ನೇ ತೆಗೆದುಹಾಕಿದೆ. ರೀಸ್ಟಾರ್ಟ್ ಮಾಡಿದರೆ ಬರೀ ಅಕ್ಷರಗಳ ಕಪ್ಪು ಸ್ಕ್ರೀನ್. ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅದರಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು, ಹಿಂದಿನ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿದೆ. ಒಂದು ಸುತ್ತು ರೀಸ್ಟಾರ್ಟ್ ಆಗಿ ಎಲ್ಲ ಮೊದಲಿನಂತೆ ಬಂತು. ಆದೇಶಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ಒಂದಕ್ಷರ ಟೈಪ್ ಮಾಡಬೇಕಾಗಲಿಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ನಿಮ್ಮ ಫೋಟೋ, ಡಾಕ್ಯುಮೆಂಟುಗಳನ್ನು ಟೈಮ್‌ಶಿಫ್ಟ್ ತಾನಾಗಿ ಸೇರಿಸಿಕೊಳ್ಳಲ್ಲ. ಅದು ಸಿಸ್ಟಂಗೆ ಮಾತ್ರ. ನಿಮ್ಮ ಫೈಲುಗಳಿಗೆ ಬೇರೆ ಬ್ಯಾಕಪ್ ಬೇಕೇ ಬೇಕು.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ತಾನಾಗಿ ಬರಲಿಲ್ಲ. ಆ ಚಿಪ್‌ಗೆ ಮುಕ್ತ ಡ್ರೈವರ್ ಇಲ್ಲ, ಹೊರಗಿನಿಂದ ಹಾಕಬೇಕು. ನೆಟ್ ಇಲ್ಲದೆ ವೈಫೈ ಡ್ರೈವರ್ ಇಳಿಸುವುದು ಹೇಗೆ, ಅಲ್ವಾ? ಮಿಂಟ್‌ನ ಡ್ರೈವರ್ ಮ್ಯಾನೇಜರ್ ಇದಕ್ಕೆ ದಾರಿ ಇಟ್ಟಿದೆ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನೇ ಮತ್ತೆ ಹಾಕಿದರೆ ಅದರಿಂದಲೇ ತೆಗೆದುಕೊಳ್ಳುತ್ತದೆ. ಉಳಿದ ಡಿಸ್ಟ್ರೋಗಳಲ್ಲಿ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಬಹುದು.

ಮಿಂಟ್ ಹಿಂದೆ ಬೀಳುವುದು ಎರಡು ಕಡೆ. ಒಂದು, ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್. ಎಲ್‌ಟಿಎಸ್ ಆಧಾರ ಅಂದಮೇಲೆ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ಒಳಭಾಗ, ಸ್ವಲ್ಪ ಹಳೆಯದೇ ಇರುತ್ತದೆ, ಹೊಸ ಹಾರ್ಡ್‌ವೇರ್ ಅದಕ್ಕೆ ಗುರುತು ಸಿಗದೇ ಹೋಗಬಹುದು. ಇನ್ನೊಂದು, ಎರಡು ಮಾನಿಟರ್‌ಗಳಿಗೆ ಬೇರೆ ಬೇರೆ ಸ್ಕೇಲಿಂಗ್ ಬೇಕಾದಾಗ. ಲ್ಯಾಪ್‌ಟಾಪ್‌ನ 4ಕೆ ಸ್ಕ್ರೀನ್ ಪಕ್ಕ ಸಾಧಾರಣ ಮಾನಿಟರ್ ಇಟ್ಟುಕೊಂಡರೆ ಸಿನಮನ್‌ನಲ್ಲಿ ಅಕ್ಷರದ ಗಾತ್ರ ಸರಿ ಕೂರಿಸುವುದು ಕಷ್ಟ. ಉಬುಂಟು, ಫೆಡೋರಾಗಳಲ್ಲಿ ಬರುವ, ವೇಲ್ಯಾಂಡ್ ಅನ್ನುವ ಹೊಸ ಚಿತ್ರ ವ್ಯವಸ್ಥೆಯ ಮೇಲೆ ಓಡುವ ಗ್ನೋಮ್ ಡೆಸ್ಕ್‌ಟಾಪ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಜೋರಿನ್: ನೋಟದಲ್ಲಿ ಎಲ್ಲರಿಗಿಂತ ಮುಂದೆ

ಪಕ್ಕಪಕ್ಕ ಇಟ್ಟರೆ ಜೋರಿನ್ ಮಿಂಟ್‌ಗಿಂತ ಚಂದ. ಇದರಲ್ಲಿ ಎರಡು ಮಾತಿಲ್ಲ. ಐರ್ಲೆಂಡಿನಲ್ಲಿ ತಯಾರಾಗುವ ಇದರ ಗುರಿಯೇ ವಿಂಡೋಸ್‌ನಿಂದ ಬರುವವರು. ಇದರ 18ನೇ ಆವೃತ್ತಿ ಬಿಡುಗಡೆ ಆದದ್ದೂ ವಿಂಡೋಸ್ 10ರ ಬೆಂಬಲ ಮುಗಿದ ಆ ಅಕ್ಟೋಬರ್ 14ರಂದೇ.

ಹೊಸಬರ ಮನಸ್ಸು ಇವರಿಗೆ ಎಷ್ಟು ಅರ್ಥವಾಗಿದೆ ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ವಿಂಡೋಸ್‌ನಿಂದ ಬಂದವರು ಮೊದಲು ಮಾಡುವ ಕೆಲಸ ಯಾವುದೋ ಸಾಫ್ಟ್‌ವೇರ್‌ನ ಇಎಕ್ಸ್‌ಇ ಫೈಲ್ ಇಳಿಸಿ ಡಬಲ್ ಕ್ಲಿಕ್ ಮಾಡುವುದು. ಜೋರಿನ್ ಆ ಫೈಲ್ ಯಾವುದು ಅಂತ ಗುರುತು ಹಿಡಿಯಲು ನೋಡುತ್ತದೆ. ಗೊತ್ತಿರುವ ಸಾಫ್ಟ್‌ವೇರ್ ಆದರೆ, ಇದರ ಲಿನಕ್ಸ್ ಆವೃತ್ತಿ ಸ್ಟೋರ್‌ನಲ್ಲೇ ಇದೆ ಅಂತಲೋ, ಬದಲಿಗೆ ಇಂಥದ್ದನ್ನು ಬಳಸಿ ಅಂತಲೋ ಹೇಳುತ್ತದೆ. ಬೇರೆ ಕಡೆ ಇದೇ ಪ್ರಶ್ನೆಗೆ ಉತ್ತರ ಹುಡುಕಲು ಹೊಸಬರು ಒಂದು ಸಂಜೆ ಕಳೆಯುತ್ತಾರೆ.

ಆದರೂ ನಾನು ಇದನ್ನು ಎರಡನೇ ಸ್ಥಾನದಲ್ಲಿ ಇಟ್ಟಿರುವುದಕ್ಕೆ ಕಾರಣ ಅದರ ನಿಧಾನ. ಉಬುಂಟು 24.04 ಬಂದದ್ದು 2024ರ ಏಪ್ರಿಲ್‌ನಲ್ಲಿ. ಅದರ ಮೇಲೆ ಕಟ್ಟಿದ ಮಿಂಟ್ 22 ಅದೇ ವರ್ಷ ಜುಲೈನಲ್ಲಿ ಬಂತು. ಜೋರಿನ್ 18 ಬರಲು ಒಂದೂವರೆ ವರ್ಷ ಹಿಡಿಯಿತು. ಭದ್ರತೆಯ ಅಪ್‌ಡೇಟ್‌ಗಳಿಗೆ ಇದರಿಂದ ತೊಂದರೆ ಇಲ್ಲ, ಅವು ಬರುತ್ತಲೇ ಇರುತ್ತವೆ. ಹೊಸ ಸೌಲಭ್ಯಗಳಿಗೆ ಮಾತ್ರ ಕಾಯಬೇಕು. ಇನ್ನು ಪ್ರೊ ಆವೃತ್ತಿಗೆ ದುಡ್ಡು ಕೊಡಬೇಕು. ಅದರಲ್ಲಿ ಜಾಸ್ತಿ ಸಿಗುವುದು ಡೆಸ್ಕ್‌ಟಾಪ್ ವಿನ್ಯಾಸಗಳು ಮತ್ತು ಮೊದಲೇ ತುಂಬಿಸಿಟ್ಟ ಆ್ಯಪ್‌ಗಳು. ಕಲಿಯುವವರಿಗೆ ಉಚಿತ ಕೋರ್ ಆವೃತ್ತಿಯೇ ಸಾಕು. ತಂಡಕ್ಕೆ ನೆರವಾಗಬೇಕು ಅನಿಸಿದರೆ ಪ್ರೊ ಕೊಳ್ಳಿ, ಅದು ಒಳ್ಳೆಯ ಕೆಲಸವೇ.

ಬೇರೆಯವರ ಲ್ಯಾಪ್‌ಟಾಪ್‌ಗೆ ನೀವು ಲಿನಕ್ಸ್ ಹಾಕಿಕೊಡುವುದಾದರೆ, ಅದರಲ್ಲೂ ಬದಲಾವಣೆ ಅಂದರೆ ಹೆದರುವವರಿಗೆ, ಜೋರಿನ್ ಹಾಕಿಕೊಡಿ. ನೀವೇ ಬಳಸಲು, ನೀವೇ ನೋಡಿಕೊಳ್ಳಲು ಮಿಂಟ್.

ಉಬುಂಟು ಮತ್ತು ಫೆಡೋರಾ

ಉಬುಂಟು 2004ರಿಂದ ಇದೆ. ಲಿನಕ್ಸ್‌ಗೆ ಸಾಫ್ಟ್‌ವೇರ್ ಕೊಡುವ ಕಂಪನಿಗಳು ಸಾಮಾನ್ಯವಾಗಿ ಮೊದಲು ಸೂಚನೆ ಬರೆಯುವುದು ಉಬುಂಟುಗೆ. ಏನೇ ತೊಂದರೆ ಹುಡುಕಿದರೂ ಉತ್ತರ ಸಿಗುತ್ತದೆ, ಅದೇ ಇದರ ದೊಡ್ಡ ಬಲ. ಬಹುತೇಕ ಅವೇ ಉತ್ತರಗಳು ಮಿಂಟ್‌ಗೂ ಜೋರಿನ್‌ಗೂ ಹೊಂದುತ್ತವೆ ಅನ್ನೋದೂ ನಿಜ. ಎಲ್‌ಟಿಎಸ್‌ಗೆ ಐದು ವರ್ಷ ಬೆಂಬಲ ಇದೆ. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಬುಂಟು ಪ್ರೊ ಉಚಿತ, ಅದನ್ನು ಸೇರಿಸಿಕೊಂಡರೆ ಹತ್ತು ವರ್ಷ.

ಡಾಕ್ ಎಡಗಡೆ, ಗಡಿಯಾರ ಮೇಲೆ ನಡುವೆ. ವಿಂಡೋಸ್‌ನಿಂದ ಬಂದವರ ಕೈ ಮೊದಮೊದಲು ತಡವರಿಸುತ್ತದೆ. ಟಚ್‌ಪ್ಯಾಡ್‌ನಲ್ಲಿ ಮೂರು ಬೆರಳು ಎಳೆದು ವರ್ಕ್‌ಸ್ಪೇಸ್ ಬದಲಿಸುವುದು ಅಭ್ಯಾಸ ಆದಮೇಲೆ ಮಾತ್ರ ಬಿಡಲು ಮನಸ್ಸಾಗಲ್ಲ. ಹೊಸ ಲ್ಯಾಪ್‌ಟಾಪ್ ಇರುವವರಿಗೆ ನಾನು ಮಿಂಟ್‌ಗಿಂತ ಮೊದಲು ಇದನ್ನೇ ಹೇಳುವುದು. ಫೈರ್‌ಫಾಕ್ಸ್ ಸೇರಿದಂತೆ ಕೆಲವು ಆ್ಯಪ್‌ಗಳು ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಟ್ಟ ಪ್ಯಾಕೇಜ್ ಆಗಿ, ಬರುತ್ತವೆ. ವೇಗದ ಎಸ್‌ಎಸ್‌ಡಿ ಇದ್ದರೆ ವ್ಯತ್ಯಾಸ ಗೊತ್ತಾಗಲ್ಲ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಮೊದಲ ಸಲ ತೆರೆಯುವಾಗ ತಡ ಆಗುತ್ತದೆ. ಮಿಂಟ್ 2020ರಲ್ಲಿ ಬಂದ ತನ್ನ 20ನೇ ಆವೃತ್ತಿಯಿಂದಲೇ ಸ್ನ್ಯಾಪ್‌ಗೆ ತಡೆ ಹಾಕಿದೆ.

ಫೆಡೋರಾ ನನಗೆ ತುಂಬ ಇಷ್ಟ. ಮೊದಲ ಡಿಸ್ಟ್ರೋ ಆಗಿ ಮಾತ್ರ ಹೇಳಲ್ಲ. ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಅಂದರೆ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಲೇಬೇಕು. ಪೇಟೆಂಟ್ ಕಾರಣಕ್ಕೆ ಕೆಲವು ವಿಡಿಯೋ ಕೋಡೆಕ್‌ಗಳು (ವಿಡಿಯೋ ಓಡಿಸಲು ಬೇಕಾದ ಸಾಫ್ಟ್‌ವೇರ್) ಅದರ ಜೊತೆ ಬರಲ್ಲ, ಆರ್‌ಪಿಎಂ ಫ್ಯೂಷನ್ ಅನ್ನುವ ಬೇರೆ ಭಂಡಾರದಿಂದ ಹಾಕಿಕೊಳ್ಳಬೇಕು. ಮಿಂಟ್ ಇನ್‌ಸ್ಟಾಲ್ ಮಾಡುವಾಗ ಇದೇ ಕೆಲಸ ಒಂದು ಟಿಕ್ ಮಾರ್ಕ್‌ನಲ್ಲಿ ಮುಗಿಯುತ್ತದೆ. ಕಿಟಕಿಗಳಿಗೆ ಮಿನಿಮೈಸ್ ಬಟನ್ ಕೂಡ ಕೊಟ್ಟಿರಲ್ಲ. ಲಿನಕ್ಸ್ ಸ್ವಲ್ಪ ಕೈಗೆ ಹತ್ತಿದಮೇಲೆ ಬನ್ನಿ, ಇಷ್ಟವಾಗುತ್ತದೆ.

ಕನ್ನಡ ಟೈಪಿಂಗ್

ಕನ್ನಡ ಓದುವುದಕ್ಕೆ ನಾಲ್ಕರಲ್ಲೂ ಅಡ್ಡಿ ಇಲ್ಲ. ಟೈಪ್ ಮಾಡುವುದರಲ್ಲಿ ಉಬುಂಟು ಮತ್ತು ಫೆಡೋರಾ ಮುಂದೆ. ಬೇರೆ ಭಾಷೆ ಟೈಪ್ ಮಾಡಲು ಬೇಕಾದ ಐಬಸ್ ಗ್ನೋಮ್‌ನಲ್ಲಿ ಒಳಗೇ ಸೇರಿಕೊಂಡಿದೆ. ಐಬಸ್-ಎಂ17ಎನ್ ಪ್ಯಾಕೇಜ್ ಇಲ್ಲದಿದ್ದರೆ ಹಾಕಿ, ಲಾಗ್‌ಔಟ್ ಆಗಿ ಬಂದು, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕೆಜಿಪಿ ಅನ್ನುವ ಕೀಲಿ ವಿನ್ಯಾಸ ಸೇರಿಸಿಕೊಳ್ಳಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ಹೊಸದೆನಿಸಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್‌ಗೆ ಹೋಗಿ ಐಬಸ್ ಆರಿಸಿ, ಆಮೇಲೆ ಅದರ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಬೇಕು. ಒಂದು ಹೆಜ್ಜೆ ಜಾಸ್ತಿ ಅಷ್ಟೇ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫೈಲುಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ.

ಹಾಕುವ ಮೊದಲು

ಫೋಟೋಶಾಪ್, ಡೆಸ್ಕ್‌ಟಾಪ್‌ನ ಮೈಕ್ರೋಸಾಫ್ಟ್ ಆಫೀಸ್ ಇವುಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ. ಲಿಬ್ರೆಆಫೀಸ್ ವರ್ಡ್ ಫೈಲುಗಳನ್ನು ತೆರೆಯುತ್ತದೆ. ಕ್ಯಾಲಿಬ್ರಿ ಫಾಂಟ್ ಬದಲು ಅದೇ ಅಳತೆಯ ಕಾರ್ಲಿಟೋ ಇರುವುದರಿಂದ ಸಾದಾ ಪತ್ರಗಳು ಅಷ್ಟಾಗಿ ಅಲುಗಾಡಲ್ಲ. ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲೇ ನಿಮ್ಮ ಹೊಟ್ಟೆಪಾಡು ಆದರೆ ವಿಂಡೋಸ್ ಪೂರ್ತಿ ತೆಗೆಯಬೇಡಿ. ಆಟದಲ್ಲಿ ಮೋಸ ತಡೆಯುವ ಕರ್ನಲ್ ಮಟ್ಟದ ಆ್ಯಂಟಿ-ಚೀಟ್ ಇರುವ ವ್ಯಾಲೊರಂಟ್ ತರದ ಆಟ ಆಡುವವರಿಗೂ ಇದೇ ಮಾತು.

ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿದಾಗ ಸುಮ್ನೆ ಮೆನು ತೆರೆದು ಮುಚ್ಚಬೇಡಿ. ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ, ಬ್ಲೂಟೂತ್, ಬ್ರೈಟ್‌ನೆಸ್ ಕೀಗಳು ಎಲ್ಲ ನೋಡಿ. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಅಲ್ಲಿ ಎಚ್ಚರಗೊಳ್ಳದ ಲ್ಯಾಪ್‌ಟಾಪ್ ಇನ್‌ಸ್ಟಾಲ್ ಆದಮೇಲೂ ಸಾಮಾನ್ಯವಾಗಿ ಹಾಗೇ ಕಾಡುತ್ತದೆ. ಆಗ ಹೊಸ ಕರ್ನಲ್ ಇರುವ ಇನ್ನೊಂದು ಡಿಸ್ಟ್ರೋ ಪ್ರಯತ್ನಿಸಿ.

ವಿಂಡೋಸ್ ಜೊತೆಗೇ ಇಟ್ಟುಕೊಳ್ಳುವುದಾದರೆ ವಿಂಡೋಸ್ ಒಳಗೇ ಮಾಡಬೇಕಾದ ಎರಡು ಕೆಲಸ ಇವೆ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ. ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಆಮೇಲೆ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ, ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಏನನ್ನೂ ಬರೆಯಲು ಆಗದೇ ಇರಬಹುದು. ಎರಡರ ನಡುವೆ ಓಡಾಡುವಾಗ ಗಡಿಯಾರ ಹಿಂದೆ ಮುಂದೆ ಆದರೆ ಗಾಬರಿ ಬೇಡ. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಅಂತ ಓದುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯ ಅಂತಲೇ ಓದಲು ಹೇಳುವ ಒಂದು ಸಾಲಿನ ಆದೇಶ ಇದೆ. ಈ ಹೋಲಿಕೆಯಲ್ಲಿ ಟರ್ಮಿನಲ್ ತೆರೆಯಿರಿ ಅಂತ ನಾನು ಹೇಳುವುದು ಅದೊಂದಕ್ಕೇ.